ಬಣ್ಣ ಬಿಟ್ಟು ನೋಡಿದಾಗ

ಅಕ್ವೇರಿಯಂಗೆಂದು ಹೊಸದಾಗಿ ಬಂದ ಜಾವಾ ಮಾಸ್ ಎಂಬ ಹಾವಸೆ ಗಿಡವನ್ನು ತೊಳೆಯಲೆಂದು ಬಿಳಿ ಬೋಗುಣಿಯಲ್ಲಿ ಅದ್ದಿದೆ. ಎಳೆಗಳ ನಡುವಿನಿಂದ ಏನೋ ಹಿಮ್ಮುಖವಾಗಿ ಚಿಮ್ಮಿತು. ಹಾಗೆ ಚಿಮ್ಮುವುದು ಸಿಗಡಿಯ ರೀತಿ. ಮಾಸ್ ಜಾಲಾಡಿದರೆ ಇನ್ನೂ ಕೆಲವು ಸಿಕ್ಕವು. ಎಲ್ಲವೂ ಉಗುರಿನಷ್ಟುದ್ದ, ಅರೆಪಾರದರ್ಶಕ ಮೈ, ಅಲ್ಲಲ್ಲಿ ಕಂದು ಚುಕ್ಕೆ. ಒಂದರ ಬೆನ್ನ ಮೇಲೆ ಮಸುಕಾದ ಬಿಳಿ ಪಟ್ಟೆ.

ನನ್ನ ಟ್ಯಾಂಕಿನಲ್ಲಿ ಆಗಲೇ ಕೆಂಪು ಚೆರ್ರಿ ಸಿಗಡಿಗಳು ಸಂಸಾರ ಹೂಡಿದ್ದವು. ಇವನ್ನೂ ಅಲ್ಲಿಗೇ ಬಿಡಬಹುದೇ ಎಂಬುದು ಮೊದಲ ಪ್ರಶ್ನೆ, ಅದಕ್ಕೆ ಉತ್ತರ ಬೇಕಾದರೆ ಇವು ಯಾರು ಅಂತ ಗೊತ್ತಾಗಬೇಕು. ಉದ್ದ ತೋಳಿನ ಮ್ಯಾಕ್ರೊಬ್ರಾಕಿಯಂ ಮರಿಗಳಾಗಿದ್ದರೆ ದೊಡ್ಡವಾದ ಮೇಲೆ ಚೆರ್ರಿಗಳನ್ನೇ ಹಿಡಿದು ತಿಂದಾವು. ಕ್ರಿಸ್ಟಲ್ ರೆಡ್ ಎಂಬ ಸಾಕು ಸಿಗಡಿಯ ಬಳಗದ, ಕ್ಯಾರಿಡಿನಾ ಕುಲದವು ಆಗಿದ್ದರೆ ಮೆದುವಾದ, ತುಸು ಆಮ್ಲೀಯ ನೀರು ಬೇಕು. ನನ್ನ ಟ್ಯಾಂಕಿನ ನೀರು ಗಡಸು. ಹಾಗಾಗಿ ಅವನ್ನು ಬೇರೆಯೇ ಒಂದು ಸಣ್ಣ ಗಾಜಿನ ತೊಟ್ಟಿಗೆ, ಅದೇ ಮಾಸ್‌ನ ಒಂದು ತುಂಡಿನ ಜೊತೆ ಬಿಟ್ಟೆ.

ಫೋಟೊ ತೆಗೆದು ಬೇರೆ ಹವ್ಯಾಸಿಗಳನ್ನು ಕೇಳಿದರೆ ಒಬ್ಬೊಬ್ಬರದು ಒಂದೊಂದು ಹೆಸರು. ಅವರನ್ನು ದೂರಲಾರೆ. ಸಿಗಡಿಯ ಬಣ್ಣದಷ್ಟು ನಂಬಿಕೆಗೆ ಅನರ್ಹವಾದ ಸಾಕ್ಷಿ ಇನ್ನೊಂದಿಲ್ಲ. ಚರ್ಮದ ಕೋಶಗಳೊಳಗೆ ಬಣ್ಣದ ಕಣಗಳು ಒಮ್ಮೆ ಹರಡಿಕೊಳ್ಳುತ್ತವೆ, ಒಮ್ಮೆ ಒಂದೆಡೆ ಮುದುಡುತ್ತವೆ. ಕಪ್ಪು ಮರಳಿನ ಮೇಲೆ ಗಾಢವಾಗಿ ಕಂಡದ್ದು ಬಿಳಿ ತಳದ ಮೇಲೆ ಪೇಲವ, ಹೆದರಿದಾಗ ಇನ್ನೂ ಪೇಲವ. ಬೆನ್ನಿನ ಪಟ್ಟೆಯೂ ಹಲವು ಜಾತಿಗಳ ಹೆಣ್ಣುಗಳಲ್ಲಿ ಬರುತ್ತದೆ.

ಕೈ ನೋಡುವುದೇ ಮೇಲು ಅನ್ನಿಸಿತು. ಸಿಗಡಿಗೆ ಐದು ಜೋಡಿ ನಡೆಗಾಲು. ಮೊದಲೆರಡು ಜೋಡಿಯ ತುದಿಯಲ್ಲಿ ಇಕ್ಕಳ. ಮ್ಯಾಕ್ರೊಬ್ರಾಕಿಯಂ, ಘೋಸ್ಟ್ ಸಿಗಡಿ ಮುಂತಾದವು ಸೇರುವ ಪೆಲಿಮೋನಿಡೆ ಕುಟುಂಬದಲ್ಲಿ ಎರಡನೆಯ ಜೋಡಿ ಮೊದಲನೆಯದಕ್ಕಿಂತ ದೊಡ್ಡದು, ಉದ್ದ. ಚೆರ್ರಿ, ಅಮಾನೊ, ಕ್ರಿಸ್ಟಲ್ ರೆಡ್ ಎಲ್ಲ ಸೇರುವ ಆಟಿಡೆ ಕುಟುಂಬದಲ್ಲಿ ಎರಡೂ ಜೋಡಿ ಪುಟ್ಟವು, ಬೆರಳ ತುದಿಗಳಲ್ಲಿ ಕೂದಲಿನ ಕುಚ್ಚು. ಬೇಯಿಸಿದ ಪಾಲಕ್ ಎಲೆಯ ಚೂರು ಹಾಕಿ, ಬದಿಯಿಂದ ಟಾರ್ಚ್ ಬಿಟ್ಟು ಭೂತಗನ್ನಡಿ ಹಿಡಿದೆ. ನಾಲ್ಕು ಪುಟಾಣಿ ಕೈಗಳು ಸರದಿಯಂತೆ ಎಲೆ ಕೆರೆದು ಬಾಯಿಗೆ ಒಯ್ಯುತ್ತಿದ್ದವು, ಹೂಕಟ್ಟುವವರ ಬೆರಳಿಗಿಂತ ಚುರುಕಾಗಿ. ತುದಿಯಲ್ಲಿ ಕುಚ್ಚು ಸ್ಪಷ್ಟ. ಕೊಲೆಗಡುಕರಲ್ಲ ಎಂಬುದಂತೂ ಖಚಿತವಾಯಿತು.

ಅಮಾನೊ ಇರಬಹುದೆಂದು ಒಬ್ಬರು ಹಟ ಹಿಡಿದಿದ್ದರು. ಜಪಾನಿನ ತಕಾಶಿ ಅಮಾನೊ 1980ರ ದಶಕದಲ್ಲಿ ತಮ್ಮ ಗಿಡದ ಟ್ಯಾಂಕುಗಳ ಪಾಚಿ ತಿನ್ನಿಸಲು ಬಳಸಿ ಹೆಸರು ತಂದುಕೊಟ್ಟ ಕ್ಯಾರಿಡಿನಾ ಮಲ್ಟಿಡೆಂಟಾಟಾ ಅದು. ಅದರ ಪಕ್ಕೆಯಲ್ಲಿ ಚುಕ್ಕೆಗಳು ಸಾಲಾಗಿರುತ್ತವೆ: ಗಂಡಿಗೆ ಬಿಂದುಗಳು, ಹೆಣ್ಣಿನ ಕೆಳಸಾಲಿನಲ್ಲಿ ಉದ್ದುದ್ದ ಗೀಟುಗಳು. ನನ್ನವುಗಳ ಚುಕ್ಕೆಗೆ ಸಾಲೂ ಇಲ್ಲ, ಲೆಕ್ಕವೂ ಇಲ್ಲ. ಆದರೂ ಅವರು ಒಪ್ಪಲಿಲ್ಲ; ಮರಿಗಳಿರಬಹುದು, ಮುಂದೆ ಬರಬಹುದು ಎಂದರು.

ಅವರಿಗೆ ಉತ್ತರ ಕೊಟ್ಟದ್ದು ಬೆನ್ನಪಟ್ಟೆಯ ಹೆಣ್ಣು. ಅವಳ ತಲೆಯ ಹಿಂದೆ ಹಳದಿ ಅಂಡಾಶಯ ಕಾಣತೊಡಗಿತ್ತು. ಹವ್ಯಾಸಿಗಳು ಸ್ಯಾಡಲ್ ಅನ್ನುವುದು ಇದನ್ನೇ. ಒಂದು ದಿನ ಅವಳು ಪೊರೆ ಕಳಚಿದಳು. ಉಳಿದವು ಇದ್ದಕ್ಕಿದ್ದಂತೆ ತೊಟ್ಟಿಯ ಉದ್ದಗಲಕ್ಕೆ ಹುಚ್ಚು ಹಿಡಿದಂತೆ ಈಜಿದವು. ಪೊರೆ ಬಿಟ್ಟ ಹೆಣ್ಣು ನೀರಿಗೆ ಬಿಡುವ ವಾಸನೆಗೆ ಗಂಡುಗಳು ಹೀಗೆ ಅಲೆಯುತ್ತವೆ. ಮರುದಿನ ಹೊಟ್ಟೆಯ ಕೆಳಗೆ, ಈಜುಕಾಲುಗಳ ನಡುವೆ ಮೊಟ್ಟೆ. ಬರಿಗಣ್ಣಿಗೆ ಒಂದೊಂದಾಗಿ ಎಣಿಸಬಹುದಾದಷ್ಟು ದಪ್ಪ, ಇಪ್ಪತ್ತರ ಆಸುಪಾಸು. ಅಮಾನೊ ಆಗಿದ್ದರೆ ಸಾವಿರಕ್ಕೂ ಮೀರಿ ಸಣ್ಣ ಮೊಟ್ಟೆ ಇರುತ್ತಿತ್ತು. ಒಡೆದು ಬರುವ ಲಾರ್ವಾಗಳಿಗೆ ಉಪ್ಪುನೀರು ಬೇಕಾಗುತ್ತಿತ್ತು. ಇಲ್ಲಿ ಮೊಟ್ಟೆಗಳಲ್ಲಿ ಮೊದಲು ಕಪ್ಪು ಕಣ್ಣು ಮೂಡಿ, ಸುಮಾರು ಮೂರು ವಾರಕ್ಕೆ ಅಪ್ಪ ಅಮ್ಮನ ಪಡಿಯಚ್ಚಿನಂಥ ಮರಿಗಳೇ ಮಾಸ್ ಮೇಲೆ ನಡೆದಾಡಿದವು. ಸಿಹಿನೀರಲ್ಲೇ. ಅಮಾನೊ ವಾದ ಅಲ್ಲಿಗೆ ಮುಗಿಯಿತು.

ಉಳಿದದ್ದು ಚೆರ್ರಿಗಳ ಕುಲವಾದ ನಿಯೋಕ್ಯಾರಿಡಿನಾವೋ ಕ್ಯಾರಿಡಿನಾವೋ ಎಂಬ ಪ್ರಶ್ನೆ. ದಪ್ಪ ಮೊಟ್ಟೆಯ ಕ್ಯಾರಿಡಿನಾಗಳೂ ಇವೆ. ಈ ಎರಡು ಕುಲಗಳನ್ನು ಬೇರ್ಪಡಿಸುವ ಗುರುತು ಗಂಡಿನ ಹೊಟ್ಟೆಯಡಿ ಇರುತ್ತದೆ: ಮೊದಲ ಜೋಡಿ ಈಜುಕಾಲಿನ ಒಳಕವಲು. ನಿಯೋಕ್ಯಾರಿಡಿನಾದಲ್ಲಿ ಅದು ಅಗಲಕ್ಕೆ ಉಬ್ಬಿ ಪೇರ್ ಹಣ್ಣಿನ ಆಕಾರ ತಾಳಿರುತ್ತದೆ. ಕ್ಯಾರಿಡಿನಾಗಳಲ್ಲಿ ಸಾಮಾನ್ಯವಾಗಿ ಕಿರಿದು. ಬದುಕಿರುವ ಸಿಗಡಿಯನ್ನು ಮಗುಚಿ ನೋಡುವ ಮನಸ್ಸಾಗಲಿಲ್ಲ, ಕೊಂದು ನೋಡುವ ಮಾತಂತೂ ಇಲ್ಲವೇ ಇಲ್ಲ. ಗಂಡೊಂದು ಕಳಚುವ ಪೊರೆಗಾಗಿ ಕಾದೆ. ಕಾಯುವುದೆಂದರೆ ಬೆಳಿಗ್ಗೆ ಎದ್ದ ತಕ್ಷಣ ತೊಟ್ಟಿ ನೋಡುವುದು. ತಡವಾದರೆ ಸಿಗಡಿಗಳೇ ಪೊರೆಯನ್ನು ತಿಂದುಬಿಡುತ್ತವೆ, ಅದರಲ್ಲಿರುವ ಸುಣ್ಣದಂಶ ಅವಕ್ಕೆ ಬೇಕು.

ಕೊನೆಗೆ ತೆಳ್ಳಗಿನ ಗಂಡೊಂದರ ಪೊರೆ ಇಡಿಯಾಗಿ ಸಿಕ್ಕಿತು. ಡ್ರಾಪರ್‌ನಿಂದ ಎತ್ತಿ ಗಾಜಿನ ಪಟ್ಟಿಯ ಮೇಲೆ ಒಂದು ಹನಿ ನೀರಲ್ಲಿ ಹರಡಿದೆ. ಬಣ್ಣದ ಕೋಶಗಳು ಚಿಪ್ಪಿನ ಕೆಳಗಿನ ಚರ್ಮದಲ್ಲಿರುವುದರಿಂದ ಕಳಚಿದ ಪೊರೆಗೆ ಬಣ್ಣವೇ ಇರುವುದಿಲ್ಲ. ಇಷ್ಟು ದಿನ ಎಲ್ಲರನ್ನೂ ದಾರಿ ತಪ್ಪಿಸಿದ್ದು ಪೂರ್ತಿ ಕಳೆದುಹೋಗಿ ಆಕಾರವೊಂದೇ ಉಳಿದಿತ್ತು. ಸೂಜಿಯಿಂದ ಈಜುಕಾಲು ಬಿಡಿಸಿ ಶಾಲಾಮಕ್ಕಳ ಸೂಕ್ಷ್ಮದರ್ಶಕದಡಿ ಇಟ್ಟರೆ ಒಳಕವಲು ದುಂಡಗೆ ಉಬ್ಬಿ ನಿಂತಿತ್ತು. ನಿಯೋಕ್ಯಾರಿಡಿನಾ.

ಜಾತಿಯ ಮಟ್ಟಕ್ಕೆ ಇಳಿಯಲು ಮೂತಿಯ ಗರಗಸದ ಹಲ್ಲು, ಕಾಲಿನ ಗೆಣ್ಣುಗಳ ಅಳತೆ ಎಲ್ಲ ಬೇಕು. ಅಷ್ಟು ತಾಳ್ಮೆ ನನಗಿಲ್ಲ. ಆದರೆ ಅಕ್ವೇರಿಯಂಗಳಲ್ಲಿ ಓಡಾಡುವ ಈ ಕುಲದ ಸಿಗಡಿಗಳಲ್ಲಿ ಬಹುಪಾಲು ನಿಯೋಕ್ಯಾರಿಡಿನಾ ಡೇವಿಡಿ ಎಂಬ ಜಾತಿ; 1904ರಲ್ಲಿ ಫ್ರಾನ್ಸಿನ ಪ್ರಾಣಿಶಾಸ್ತ್ರಜ್ಞ ಬೂವಿಯೆ ಹೆಸರಿಟ್ಟ, ಪೂರ್ವ ಏಷ್ಯಾದ ಹಳ್ಳಕೊಳ್ಳಗಳ ಕಂದು ಸಿಗಡಿ. ನನ್ನ ಕೆಂಪು ಚೆರ್ರಿಗಳೂ ಅದೇ, ಕೆಂಪನ್ನು ಆರಿಸಿ ಆರಿಸಿ ತಲೆಮಾರುಗಟ್ಟಲೆ ಬೆಳೆಸಿದವು.

ಎಂದರೆ ಒಂದೇ ನೀರು, ಒಂದೇ ಮೇವು, ಜಗಳವೂ ಇಲ್ಲ. ಆದರೂ ಒಟ್ಟಿಗೆ ಬಿಡಲಿಲ್ಲ. ಎರಡೂ ಕೂಡಿದರೆ ಕೆಲವೇ ತಲೆಮಾರಿನಲ್ಲಿ ಟ್ಯಾಂಕಿನ ಕೆಂಪು ಕರಗಿ ಕಂದೇ ಮೇಲುಗೈ ಆಗುತ್ತದೆ. ಸಣ್ಣ ತೊಟ್ಟಿಗೆ ಒಂದು ಸ್ಪಾಂಜ್ ಫಿಲ್ಟರ್ ಹಾಕಿಸಿ ಕಂದು ಬಳಗವನ್ನು ಅಲ್ಲೇ ಉಳಿಸಿಕೊಂಡೆ. ಅಮಾನೊ ಎಂದಿದ್ದವರು ಈಗ ಅವುಗಳ ಮರಿ ಕೇಳುತ್ತಿದ್ದಾರೆ.