ಪಾದ ತೊಳೆಯುವ ಗುರುವಾರ

ಈಸ್ಟರ್ ಹಬ್ಬಕ್ಕೆ ಮುಂಚಿನ ತಪಸ್ಸುಕಾಲ ಮುಗಿಯುತ್ತ ಬಂದಿತ್ತು. ಒಂದು ಭಾನುವಾರ ಬಲಿಪೂಜೆಯಾದ ಮೇಲೆ ನಮ್ಮ ಇಗರ್ಜಿಯ (ಚರ್ಚಿನ) ಫಾದರ್ ನನ್ನನ್ನು ಕರೆದು, ಯೇಸು ಶಿಷ್ಯರ ಪಾದ ತೊಳೆದ ನೆನಪಿಗೆ ಪವಿತ್ರ ಗುರುವಾರ ಪಾದ ತೊಳೆಸಿಕೊಳ್ಳುವ ಹನ್ನೆರಡು ಮಂದಿಯಲ್ಲಿ ನೀವೂ ಕೂರುತ್ತೀರಾ ಎಂದು ಕೇಳಿದರು. ನಾನು ಸುಮ್ಮನೆ ನಿಂತೆ. ಎದುರೆದುರು ಕೇಳಿದ ಪ್ರಶ್ನೆಗೆ ಆ ಕ್ಷಣವೇ ಉತ್ತರ ಕೊಡಲು ನನಗೆ ಬರುವುದಿಲ್ಲ ಎಂಬುದು ಅವರಿಗೆ ಗೊತ್ತು. “ಯೋಚಿಸಿ ಹೇಳಿ. ಬೇಡವೆಂದರೆ ಬೇರೆಯವರನ್ನು ಕೇಳುತ್ತೇನೆ, ಅದರಲ್ಲಿ ಬೇಸರಪಡುವಂಥದ್ದೇನೂ ಇಲ್ಲ” ಎಂದು ಹೇಳಿ, ಕಾಯುತ್ತಿದ್ದ ಇನ್ನೊಬ್ಬರ ಕಡೆ ತಿರುಗಿದರು.

ನನಗೆ ಆಟಿಸಂ ಇದೆ. ಕಾರವಾರದ ಒಂದು ಸಹಕಾರಿ ಸಂಘದಲ್ಲಿ ಲೆಕ್ಕಪತ್ರ ನೋಡಿಕೊಳ್ಳುತ್ತೇನೆ. ನನ್ನ ಸ್ಥಿತಿಗೆ ಒಂದು ಹೆಸರಿದೆ ಎಂದು ತಿಳಿದದ್ದು ಮೂವತ್ತು ದಾಟಿದ ಮೇಲೆ, ಅದೂ ಅಕ್ಕನ ಮಗನ ದೆಸೆಯಿಂದ. ಅವನು ಮಾತು ತಡವಾಗಿ ಕಲಿತ ಹುಡುಗ. ಅಕ್ಕ ಅಂಕೋಲೆಯಿಂದ ಅವನನ್ನು ಧಾರವಾಡಕ್ಕೆ ಕರೆದುಕೊಂಡು ಹೋಗುವಾಗ ಅರಬೈಲ್ ಘಟ್ಟದಲ್ಲಿ ಒಬ್ಬಳೇ ಅವನನ್ನು ಸಂಭಾಳಿಸುವುದು ಕಷ್ಟವೆಂದು ನಾನೂ ಜೊತೆಗೆ ಹೋದೆ. ವೈದ್ಯರು ಹುಡುಗನ ಬಗ್ಗೆ ಒಂದೊಂದೇ ಪ್ರಶ್ನೆ ಕೇಳುತ್ತಿದ್ದರೆ ಅಕ್ಕ ಉತ್ತರ ಹೇಳುವ ಮೊದಲು ನನ್ನ ಮುಖ ನೋಡುತ್ತಿದ್ದಳು. ಶಬ್ದಕ್ಕೆ ಕಿವಿ ಮುಚ್ಚಿಕೊಳ್ಳುತ್ತಾನೆಯೇ? ಮುಟ್ಟಿದರೆ ಸಿಡುಕುತ್ತಾನೆಯೇ? ದಿನಚರಿ ಬದಲಾದರೆ ಕಂಗಾಲಾಗುತ್ತಾನೆಯೇ? ಅವೆಲ್ಲ ನನ್ನ ಬಾಲ್ಯದ ವಿವರಗಳೇ ಆಗಿದ್ದವು. ಮುಂದೆ ನಾನೂ ಪರೀಕ್ಷೆ ಮಾಡಿಸಿಕೊಂಡೆ. ಬೆಳಕು, ಸದ್ದು, ಸ್ಪರ್ಶಗಳನ್ನು ಅತಿಯಾಗಿ ಅನುಭವಿಸುವುದನ್ನು 2013ರಿಂದ ವೈದ್ಯರ ಕೈಪಿಡಿಯೇ ಆಟಿಸಂ ಲಕ್ಷಣಗಳಲ್ಲಿ ಸೇರಿಸಿದೆ ಎಂದು ಅಲ್ಲಿ ಕೇಳಿ ತಿಳಿದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಪಟ್ಟಿ ಮಾಡಿರುವ 21 ಸ್ಥಿತಿಗಳಲ್ಲಿ ಇದೂ ಒಂದು. ಮಾಯ್‌ಗೆ (ಅಮ್ಮನಿಗೆ) ಇದನ್ನೆಲ್ಲ ಹೇಳಿದಾಗ ಅವಳು ಮೀನು ಹೆಚ್ಚುತ್ತಿದ್ದಳು. ಕೈ ನಿಲ್ಲಿಸಿ, “ಹಾಗಾದರೆ ನೀನು ಸೊಕ್ಕಿನವಳಲ್ಲ” ಎಂದಳು. ಊರವರು ಅಷ್ಟು ವರ್ಷ ಆಡಿದ್ದ ಮಾತನ್ನು ಅವಳು ಎದೆಯಲ್ಲೇ ಇಟ್ಟುಕೊಂಡಿದ್ದಳೆಂದು ನನಗೆ ಆಗಲೇ ತಿಳಿದದ್ದು.

ಪಾದ ತೊಳೆಸಿಕೊಳ್ಳುವುದು ನನಗೆ ಏಕೆ ದೊಡ್ಡ ಮಾತು ಎಂದರೆ, ಹಗುರವಾದ ಸ್ಪರ್ಶ ನನ್ನ ಚರ್ಮಕ್ಕೆ ತುರಚಿ ಸೊಪ್ಪು ಸವರಿದ ಹಾಗಾಗುತ್ತದೆ. ಬಿಗಿಯಾಗಿ ಹಿಡಿದರೆ ತಡೆದುಕೊಳ್ಳಬಲ್ಲೆ, ಬೆರಳ ತುದಿ ತಾಗಿದರೆ ಆಗುವುದಿಲ್ಲ. ಅಂಗಾಲಿನ ಮಾತಂತೂ ಹೇಳುವುದೇ ಬೇಡ. ಚಿಕ್ಕಂದಿನಲ್ಲಿ ಕಡಲತೀರದ ಮರಳಿನ ಮೇಲೆ ಬರಿಗಾಲಲ್ಲಿ ನಿಲ್ಲಿಸಿದರೆ ಅಳುತ್ತಿದ್ದೆನಂತೆ. ಈಗ ಇಡೀ ಇಗರ್ಜಿಯ ಕಣ್ಣೆದುರು ಒಬ್ಬರು ನನ್ನ ಪಾದ ಹಿಡಿಯಬೇಕು, ನೀರು ಹೊಯ್ಯಬೇಕು, ಒರೆಸಬೇಕು.

ನನಗೆ ದೇವರ ಮೇಲೆ ಭಕ್ತಿ ಇಲ್ಲ ಎಂದು ನಮ್ಮ ಕೇರಿಯ ಹಲವರು ತಿಳಿದಿದ್ದಾರೆ. ಹಾಡುವಾಗ ಮುಖದಲ್ಲಿ ಭಾವ ಕಾಣುವುದಿಲ್ಲ, ಪೂಜೆ ಮುಗಿದ ಮೇಲೆ ಅಂಗಳದಲ್ಲಿ ನಿಂತು ನಾಲ್ಕು ಮಾತಾಡುವುದಿಲ್ಲ, ಪಕ್ಕದ ಬಾಗಿಲ ಬಳಿಯ ಕೊನೆಯ ಬೆಂಚು ಬಿಟ್ಟು ಮುಂದೆ ಬರುವುದಿಲ್ಲ. ಆ ಬೆಂಚಿಗೆ ಧ್ವನಿವರ್ಧಕ ದೂರ, ಗಾಳಿ ಹತ್ತಿರ. ಅಲ್ಲಿ ಕುಳಿತರೆ ನನಗೆ ಪ್ರಾರ್ಥನೆ ಕೇಳಿಸುತ್ತದೆ, ಮುಂದೆ ಕುಳಿತರೆ ಬರೀ ಸದ್ದು ಕೇಳಿಸುತ್ತದೆ. ಬಲಿಪೂಜೆಯಷ್ಟು ನನಗೆ ಒಗ್ಗುವ ಜಾಗ ಲೋಕದಲ್ಲಿ ಇನ್ನೊಂದಿಲ್ಲ ಎಂಬುದನ್ನು ಅವರಿಗೆ ಹೇಗೆ ಹೇಳಲಿ? ಮದುವೆ ಮನೆಯಲ್ಲಿ, ಕಚೇರಿಯಲ್ಲಿ, ಬಸ್ಸಿನಲ್ಲಿ ಯಾರು ಯಾವಾಗ ಏನು ಕೇಳುತ್ತಾರೋ, ನಾನು ಏನು ಹೇಳಬೇಕೋ ಎಂದು ಮೈಯೆಲ್ಲ ಬಿಗಿಹಿಡಿದಿರುತ್ತೇನೆ. ಇಗರ್ಜಿಯಲ್ಲಿ ಗುರುಗಳು ಏನು ಹೇಳುತ್ತಾರೆಂದು ನನಗೆ ಗೊತ್ತು, ಅದಕ್ಕೆ ನಾನೇನು ಹೇಳಬೇಕೆಂದೂ ಗೊತ್ತು. ಕೊಂಕಣಿಯ ಪೂಜೆಯಾದರೂ ಕನ್ನಡದ ಪೂಜೆಯಾದರೂ ಕ್ರಮ ಒಂದೇ. ಎದ್ದು ನಿಲ್ಲುವುದು, ಕೂರುವುದು, ಮೊಣಕಾಲೂರುವುದು ಎಲ್ಲಕ್ಕೂ ಅದರದೇ ಹೊತ್ತಿದೆ. ಆ ಕ್ರಮದೊಳಗೆ ಮೈ ಸಡಿಲವಾದಾಗಲೇ ನನ್ನ ಮನಸ್ಸು ದೇವರ ಕಡೆ ತಿರುಗುತ್ತದೆ. ಭಕ್ತಿ ಎಂದರೆ ಉಕ್ಕಿ ಬರಬೇಕೆಂದು ಬಯಸುವವರಿಗೆ ಇದು ಯಾಂತ್ರಿಕವೆನಿಸಬಹುದು. ನನಗೆ ಹಾಗೆನಿಸಿಲ್ಲ.

ಪೂಜೆಯ ನಡುವೆ ಒಬ್ಬರಿಗೊಬ್ಬರು ಶಾಂತಿ ಹಾರೈಸುವ ಶಾಂತಿ ವಿನಿಮಯದ ಹೊತ್ತಿನಲ್ಲಿ ಬೇರೆ ದೇಶಗಳಲ್ಲಿ ಕೈ ಕುಲುಕುತ್ತಾರೆ, ತಬ್ಬಿಕೊಳ್ಳುತ್ತಾರೆ. ನಾವು ಕೈ ಮುಗಿಯುತ್ತೇವೆ. 1969ರಲ್ಲಿ ರೋಮ್ ಭಾರತದ ಪೂಜಾವಿಧಿಗೆ ಒಪ್ಪಿಗೆ ಕೊಟ್ಟ ಹನ್ನೆರಡು ಅಂಶಗಳಲ್ಲಿ ಈ ಅಂಜಲಿಯೂ ಒಂದು. ಅದನ್ನು ಕೇಳಿ ಪಡೆದವರಿಗೆ ನನ್ನಂಥವರ ನೆನಪು ಇದ್ದಿರಲಾರದು. ಆದರೂ ಪ್ರತಿ ಭಾನುವಾರ ಅವರಿಗಾಗಿ ಪ್ರಾರ್ಥಿಸುತ್ತೇನೆ. ಮುಟ್ಟದೆಯೂ ಒಬ್ಬರಿಗೆ ಶಾಂತಿ ಹಾರೈಸಲು ಅವರು ನನಗೆ ದಾರಿ ಮಾಡಿಕೊಟ್ಟಿದ್ದಾರೆ.

ನಮ್ಮ ಫಾದರ್ ಹಾಗೆ ಮೊದಲು ಕೇಳಿ ಆಮೇಲೆ ಮುಟ್ಟುವವರು ಎಲ್ಲರಿಗೂ ಸಿಗುವುದಿಲ್ಲ, ಹಿಂದೆ ನನಗೂ ಸಿಕ್ಕಿರಲಿಲ್ಲ. ಕೆಲವು ವರ್ಷಗಳ ಹಿಂದೆ ಸಂಬಂಧಿಕರೊಬ್ಬರು ನನ್ನನ್ನು ಒಂದು ಧ್ಯಾನಕೂಟಕ್ಕೆ ಕರೆದುಕೊಂಡು ಹೋಗಿದ್ದರು. ಡೋಲು, ಕೀಬೋರ್ಡು, ಕಿವಿಗಡಚಿಕ್ಕುವ ಧ್ವನಿವರ್ಧಕ, ಎಲ್ಲರೂ ಒಟ್ಟಿಗೆ ಕೂಗಿ ಮಾಡುವ ಪ್ರಾರ್ಥನೆ. ನಾನು ಕಿವಿ ಮುಚ್ಚಿ ನೆಲದ ಮೇಲೆ ಮುದುಡಿ ಕುಳಿತೆ. ಬೋಧಕರು ಬಂದು ನನ್ನ ತಲೆಯ ಮೇಲೆ ಕೈಯಿಟ್ಟರು, ಸುತ್ತ ನಿಂತವರೂ ಹೆಗಲು, ಬೆನ್ನು ಹಿಡಿದರು. ನಾನು ಬಿಡಿಸಿಕೊಳ್ಳಲು ಒದ್ದಾಡಿದಷ್ಟೂ ಅದನ್ನು ದುಷ್ಟಾತ್ಮದ ಒದ್ದಾಟವೆಂದು ಅವರು ಇನ್ನೂ ಜೋರಾಗಿ ಪ್ರಾರ್ಥಿಸಿದರು. ಅವರ ಮನಸ್ಸಿನಲ್ಲಿ ಕೆಡುಕಿರಲಿಲ್ಲ. ಆದರೆ ಕಿವುಡನೂ ತೊದಲನೂ ಆಗಿದ್ದ ಮನುಷ್ಯನನ್ನು ಯೇಸುಸ್ವಾಮಿ ಗುಣಪಡಿಸಿದ ಪ್ರಸಂಗವನ್ನು ಅವರು ಸರಿಯಾಗಿ ಓದಿರಲಿಲ್ಲ ಎಂದು ನಾನು ಇಂದಿಗೂ ಹೇಳುತ್ತೇನೆ. ಮಾರ್ಕನ ಶುಭಸಂದೇಶದ ಏಳನೇ ಅಧ್ಯಾಯದಲ್ಲಿ ಅದು ಇದೆ. ಯೇಸು ಮೊದಲು ಮಾಡಿದ್ದು ಅವನನ್ನು ಜನರ ಗುಂಪಿನಿಂದ ಬದಿಗೆ ಕರೆದುಕೊಂಡು ಹೋದದ್ದು. ಆಮೇಲೆ ಅವನ ಕಿವಿಗಳಲ್ಲಿ ಬೆರಳಿಟ್ಟರು, ನಾಲಿಗೆಯನ್ನು ಮುಟ್ಟಿದರು, ಆಕಾಶದ ಕಡೆ ಕಣ್ಣೆತ್ತಿದರು. ಕಿವಿ ಕೇಳದವನಿಗೆ ಮಾತಿನಲ್ಲಿ ಹೇಳಿ ಫಲವಿಲ್ಲ. ತಾವು ಏನು ಮಾಡಲಿದ್ದೇವೆ, ಎಲ್ಲಿ ಮಾಡಲಿದ್ದೇವೆ ಎಂಬುದನ್ನು ಅವನಿಗೆ ತಿಳಿಯುವ ರೀತಿಯಲ್ಲೇ ತೋರಿಸಿಕೊಟ್ಟರು ಎಂದು ನಾನು ಅದನ್ನು ಓದುತ್ತೇನೆ. ಗದ್ದಲದಿಂದ ಬದಿಗೆ ಕರೆದೊಯ್ದು, ತಿಳಿಸಿ, ಆಮೇಲೆ ಮುಟ್ಟಿದರು. ಹುಟ್ಟುಕುರುಡನನ್ನು ನೋಡಿ ಇದು ಯಾರ ಪಾಪ ಎಂದು ಶಿಷ್ಯರು ಕೇಳಿದಾಗ, ಇವನದೂ ಅಲ್ಲ, ಇವನ ತಂದೆತಾಯಿಯದೂ ಅಲ್ಲ ಎಂದವರೂ ಅವರೇ. 2014ರ ನವೆಂಬರಿನಲ್ಲಿ ವ್ಯಾಟಿಕನ್ನಿನಲ್ಲಿ ಆಟಿಸಂ ಕುರಿತು ಸಮ್ಮೇಳನ ನಡೆದಾಗ ಪೋಪ್ ಫ್ರಾನ್ಸಿಸ್ ಆಟಿಸಂ ಇರುವವರನ್ನೂ ಅವರ ಮನೆಯವರನ್ನೂ ಭೇಟಿಯಾಗಿ, ಅವರನ್ನು ಸುತ್ತಿರುವ ಒಂಟಿತನವನ್ನೂ ಕಳಂಕವನ್ನೂ ಒಡೆಯಬೇಕೆಂದು ಹೇಳಿದರು. ಆ ಮಾತು ಹಳ್ಳಿ ಹಳ್ಳಿಯ ಧ್ಯಾನಕೂಟಗಳನ್ನು ಯಾವಾಗ ತಲುಪುತ್ತದೋ!

ಆ ವಾರವಿಡೀ ನಾನು ಯೇಸು ಶಿಷ್ಯರ ಪಾದ ತೊಳೆಯುವ, ಯೊವಾನ್ನನ ಶುಭಸಂದೇಶದ ಹದಿಮೂರನೆಯ ಅಧ್ಯಾಯವನ್ನು ಓದಿದೆ. ಶಿಷ್ಯ ಪೇತ್ರ ಮೊದಲು, ನನ್ನ ಪಾದ ತೊಳೆಯಲೇಬಾರದು ಎನ್ನುತ್ತಾನೆ. ತೊಳೆಯದಿದ್ದರೆ ನಿನಗೆ ನನ್ನಲ್ಲಿ ಪಾಲಿಲ್ಲ ಎಂದು ಯೇಸು ಹೇಳಿದ್ದೇ ತಡ, ಹಾಗಾದರೆ ಪಾದ ಮಾತ್ರವಲ್ಲ, ಕೈಯನ್ನೂ ತಲೆಯನ್ನೂ ತೊಳೆಯಿರಿ ಎನ್ನುತ್ತಾನೆ. ಹೇಳಿದ್ದನ್ನು ಹೇಳಿದ ಹಾಗೇ ತೆಗೆದುಕೊಳ್ಳುವವನು. ಯೇಸು ಅವನನ್ನು ನೋಡಿ ನಗಲಿಲ್ಲ. ಸ್ನಾನ ಮಾಡಿದವನಿಗೆ ಪಾದ ತೊಳೆದರೆ ಸಾಕು ಎಂದು ನೇರವಾಗಿ ವಿವರಿಸಿದರು. ಮೂರು ವರ್ಷ ಜೊತೆಯಲ್ಲಿ ನಡೆದ ಪೇತ್ರನಿಗೇ ಬಿಡಿಸಿ ಹೇಳಬೇಕಾಯಿತೆಂದ ಮೇಲೆ ನಾನು ಕೇಳುವುದರಲ್ಲಿ ತಪ್ಪೇನು? ಒಂದು ಹಾಳೆಯಲ್ಲಿ ಪ್ರಶ್ನೆಗಳನ್ನು ಬರೆದುಕೊಂಡು ಫಾದರ್ ಬಳಿ ಹೋದೆ. ಪಾಪನಿವೇದನೆಯನ್ನೂ ನಾನು ಹಾಗೇ ಬರೆದುಕೊಂಡು ಹೋಗಿ ಓದುವುದರಿಂದ ಅವರಿಗೆ ಅದು ಹೊಸದಾಗಿರಲಿಲ್ಲ.

ಯಾವ ಕಾಲು? ಬಲಗಾಲು ಮಾತ್ರ. ನೀರು ಬೆಚ್ಚಗೋ ತಣ್ಣಗೋ? ನಿಮಗೆ ಹೇಗೆ ಬೇಕೋ ಹಾಗೆ. ಉಗುರುಬೆಚ್ಚಗಿರಲಿ ಎಂದೆ. ಕಾಲನ್ನು ಎಲ್ಲಿ ಹಿಡಿಯುತ್ತೀರಿ? ಹಿಮ್ಮಡಿಯ ಕೆಳಗೆ. ಗಟ್ಟಿಯಾಗಿ ಹಿಡಿಯಬೇಕು, ಸವರಬಾರದು ಎಂದೆ. ಮುತ್ತಿಡುತ್ತೀರಾ? ಅವರು ಪೂಜಾಗ್ರಂಥ ತೆಗೆದು ನೋಡಿದರು. ನೀರು ಹೊಯ್ದು ಒರೆಸುವುದು ಎಂದಷ್ಟೇ ಇತ್ತು. “ಮುತ್ತಿಡುವುದು ರೂಢಿ ಅಷ್ಟೇ. ನಿಮಗೆ ಇಡುವುದಿಲ್ಲ” ಎಂದರು. ಹೆಂಗಸರು ಕೂರಬಹುದೇ ಎಂದೂ ಕೇಳಿದ್ದೆ. ಹಿಂದೆ ಗ್ರಂಥದಲ್ಲಿ ಗಂಡಸರೆಂದೇ ಇತ್ತು, 2016ರ ಜನವರಿಯ ಆದೇಶದ ನಂತರ ದೇವಜನರಲ್ಲಿ ಯಾರನ್ನಾದರೂ ಆರಿಸಬಹುದು ಎಂದು ತಿಳಿಸಿದರು. ಕೊನೆಗೆ, ಖಾಲಿ ಇಗರ್ಜಿಯಲ್ಲಿ ಕುರ್ಚಿಯಿಟ್ಟು, ನೀರಿಲ್ಲದ ಬೋಗುಣಿಯಿಟ್ಟು, ಒಮ್ಮೆ ಎಲ್ಲವನ್ನೂ ಮಾಡಿ ತೋರಿಸಿದರು. ನಾನು ಒಪ್ಪಿಕೊಂಡದ್ದು ಅದಾದ ಮೇಲೆ.

ಗುರುವಾರ ಸಂಜೆ ಸೆಖೆ ವಿಪರೀತವಾಗಿತ್ತು. ಗ್ಲೋರಿಯಾ ಎಂಬ ಸ್ತುತಿಗೀತೆ ಹಾಡುವಾಗ ಆ ದಿನ ಗೋಪುರದ ಗಂಟೆ, ಬಲಿಪೀಠದ ಗಂಟೆ ಎಲ್ಲವನ್ನೂ ಒಟ್ಟಿಗೆ ಬಾರಿಸುತ್ತಾರೆ. ಆಮೇಲೆ ಈಸ್ಟರ್ ಹಿಂದಿನ ರಾತ್ರಿಯ ಪಾಸ್ಖ ಜಾಗರಣೆಯ ಗ್ಲೋರಿಯಾದವರೆಗೆ ಗಂಟೆಯ ಸದ್ದಿಲ್ಲ, ಮರದ ತುಂಡುಗಳನ್ನು ಬಡಿಯುವುದು ಮಾತ್ರ. ಆ ಗಂಟೆಗಳ ಹೊತ್ತಿಗೆ ನಾನು ಪಕ್ಕದ ಬಾಗಿಲಿನಿಂದ ಹೊರಗೆ ಹೋಗಿ ನಿಂತಿದ್ದೆ. ಪ್ರಬೋಧನೆ ಮುಗಿಯುವಾಗ ಬಂದು ನನಗೆಂದು ಬಿಟ್ಟಿದ್ದ ತುದಿಯ ಕುರ್ಚಿಯಲ್ಲಿ ಕುಳಿತೆ. ಫಾದರ್ ಮೇಲಂಗಿ ತೆಗೆದು ಸೊಂಟಕ್ಕೆ ಬಟ್ಟೆ ಕಟ್ಟಿಕೊಂಡರು. ನನ್ನ ಪಕ್ಕದಲ್ಲಿ ಬೈತಖೋಲ ಬಂದರಿನಲ್ಲಿ ಬೋಟಿಗೆ ಹೋಗುವ ಹಿರಿಯರೊಬ್ಬರು ಇದ್ದರು. ಹಗ್ಗ ಎಳೆದು ಎಳೆದು ಅವರ ಅಂಗೈಗಳು ಸೀಳಿದ್ದವು. ಅವರ ಪಾದಕ್ಕೆ ನೀರು ಬಿದ್ದ ಕೂಡಲೇ ಅವರು ಬಿಕ್ಕಿ ಅಳತೊಡಗಿದರು.

ನನ್ನ ಸರದಿ ಬಂತು. ಹಿಮ್ಮಡಿಯ ಕೆಳಗೆ ಅಂಗೈ ಗಟ್ಟಿಯಾಗಿ ಬಂದು ನಿಂತಿತು. ಪೀಠಸೇವೆಯ ಹುಡುಗ ಬೋಗುಣಿ ಹಿಡಿದ, ಹಿತ್ತಾಳೆಯ ತಂಬಿಗೆಯಿಂದ ನೀರು ಹೆಬ್ಬೆರಳಿನ ಮೇಲಿಂದ ಇಳಿದು ಬೋಗುಣಿಗೆ ಬಿತ್ತು. ಉಗುರುಬೆಚ್ಚಗಿತ್ತು. ಒರೆಸಲು ಮನೆಯಿಂದ ತಂದುಕೊಟ್ಟಿದ್ದ, ಒಗೆದು ಒಗೆದು ಮೆತ್ತಗಾದ ನನ್ನ ಬೈರಾಸವನ್ನೇ ತೆಗೆದುಕೊಂಡರು. ಮೊದಲು ಮೇಲೆ ಒತ್ತಿದರು, ಆಮೇಲೆ ಅಡಿಗೆ ಒತ್ತಿದರು, ಉಜ್ಜಲಿಲ್ಲ. ತೋರಿಸಿದ್ದ ಕ್ರಮ ಒಂದಿಷ್ಟೂ ತಪ್ಪಲಿಲ್ಲ. ನನಗೆ ಅಳು ಬರಲಿಲ್ಲ, ಮುಖದಲ್ಲೂ ಏನೂ ಕಂಡಿರಲಿಕ್ಕಿಲ್ಲ. ಆದರೆ ಪಾಲು ಎಂದು ಯೇಸು ಪೇತ್ರನಿಗೆ ಹೇಳಿದರಲ್ಲ, ಅದು ನನಗೂ ಇದೆ ಎಂಬುದು ಆ ಕುರ್ಚಿಯಲ್ಲಿ ಕುಳಿತಾಗ ಲೆಕ್ಕ ತಾಳೆಯಾದಷ್ಟು ಖಚಿತವಾಗಿ ತಿಳಿಯಿತು. ಪಕ್ಕದ ಹಿರಿಯರ ಕಣ್ಣೀರು ಎಷ್ಟು ನಿಜವೋ ಇದೂ ಅಷ್ಟೇ ನಿಜ.

ಆ ದಿನದ ಪೂಜೆಗೆ ಕೊನೆಯ ಆಶೀರ್ವಾದವಿಲ್ಲ. ಪರಮಪ್ರಸಾದವನ್ನು (ಪವಿತ್ರಗೊಳಿಸಿದ ರೊಟ್ಟಿಯನ್ನು) ಪಕ್ಕದ ಪೀಠಕ್ಕೆ ಒಯ್ದಿಟ್ಟು, ಬಲಿಪೀಠದ ಬಟ್ಟೆಗಳನ್ನು ತೆಗೆದ ಮೇಲೆ ಜನ ಮೌನವಾಗಿ ಆರಾಧನೆಗೆ ಕೂರುತ್ತಾರೆ. ಯಾರೂ ಯಾರೊಡನೆಯೂ ಮಾತನಾಡದೆ ಜೊತೆಯಲ್ಲಿರುವ ಆ ಹೊತ್ತು ವರ್ಷದಲ್ಲಿ ನನಗೆ ಅತ್ಯಂತ ಪ್ರಿಯವಾದದ್ದು. ಹೊರಗೆ ಬಂದಾಗ ರಾತ್ರಿಯಾಗಿತ್ತು. ಸುಂಕೇರಿಯ ಕಡೆಯ ಒಬ್ಬ ತಾಯಿ ಮೆಟ್ಟಿಲ ಬಳಿ ನನಗಾಗಿ ಕಾದಿದ್ದರು. ಅವರ ಮಗ ಪೂಜೆಯಲ್ಲಿ ಕೂರುವುದಿಲ್ಲ, ಕಿರುಚುತ್ತಾನೆ, ಎಲ್ಲರೂ ತಿರುಗಿ ನೋಡುತ್ತಾರೆಂದು ಅವನನ್ನು ಕರೆತರುವುದನ್ನೇ ಬಿಟ್ಟಿದ್ದಾರಂತೆ. “ಬಾಯಿ, ನಿಮಗೂ ಹೀಗೇ ಆಗುತ್ತದೆಂದು ಫಾದರ್ ಹೇಳಿದರು. ಪಾಸ್ಖಕ್ಕಾದರೂ ಅವನನ್ನು ತರಬೇಕೆಂದಿದೆ” ಎಂದರು. ಧಾರವಾಡದ ವೈದ್ಯರ ವಿವರ ಬರೆದುಕೊಟ್ಟೆ. ಕೊನೆಯ ಬೆಂಚು, ಪಕ್ಕದ ಬಾಗಿಲು ತೋರಿಸಿದೆ. ಜಾಗರಣೆ ಕತ್ತಲಲ್ಲಿ ಶುರುವಾಗುತ್ತದೆ, ಬೆಂಕಿ ಹೊತ್ತಿಸುತ್ತಾರೆ, ಅದನ್ನು ಮನೆಯಲ್ಲೇ ಒಂದು ಮೇಣದಬತ್ತಿ ಹಚ್ಚಿ ಮೊದಲೇ ತೋರಿಸಿಕೊಡಿ ಎಂದೆ. ಹಳೆಯ ಒಡಂಬಡಿಕೆಯ ವಾಚನಗಳು ಮುಗಿದ ಕೂಡಲೇ ಗ್ಲೋರಿಯಾ ಬರುತ್ತದೆ, ದೀಪಗಳೂ ಗಂಟೆಗಳೂ ಒಮ್ಮೆಲೇ. ಕೊನೆಯ ವಾಚನದ ಕೀರ್ತನೆ ಹಾಡುವಾಗ ನಾನು ಎದ್ದು ಹೊರಗೆ ಹೋಗುತ್ತೇನೆ, ನನ್ನನ್ನು ನೋಡಿಕೊಂಡು ನೀವೂ ಮಗನನ್ನು ಕರೆದುಕೊಂಡು ಬನ್ನಿ, ಗಂಟೆ ನಿಂತ ಮೇಲೆ ಮೂವರೂ ಒಟ್ಟಿಗೆ ಒಳಗೆ ಹೋಗೋಣ ಎಂದು ಹೇಳಿದೆ.