ಬ್ರ್ಯಾಂಡ್ ಆಮೇಲೆ, ಮೊದಲು ಊಟ ಏನು ಅಂತ ಕೇಳಿ

ಚಿಕ್ಕಮಗಳೂರಿನಿಂದ ಮೂಡಿಗೆರೆ ಕಡೆ ಹೋಗುವ ದಾರಿಯಲ್ಲಿರುವ ಒಂದು ರೆಸಾರ್ಟ್‌ನಲ್ಲಿ ಬಾರ್ ಮತ್ತು ರೆಸ್ಟೋರೆಂಟ್ ನೋಡಿಕೊಳ್ಳುವುದು ನನ್ನ ಕೆಲಸ. ಹೊಸದಾಗಿ ಸೇರುವ ಹುಡುಗರಿಗೆ ಟ್ರೇ ಹಿಡಿಯುವುದಕ್ಕಿಂತ ಮೊದಲು, ಟೇಬಲ್ ಹತ್ತಿರ ಹೋಗಿ ಏನು ಕೇಳಬೇಕು ಅಂತ ಹೇಳಿಕೊಡುತ್ತೇನೆ. "ಯಾವ ಬಿಯರ್ ಸರ್?" ಅಂತ ಕೇಳಿದರೆ ಬರುವ ಉತ್ತರ ನಮಗೆ ಗೊತ್ತೇ ಇದೆ. ಅವರು ಯಾವಾಗಲೂ ಕುಡಿಯುವ ಒಂದು ಹೆಸರು ಹೇಳುತ್ತಾರೆ. ಜೊತೆಗೆ "ಫುಲ್ ಚಿಲ್ಡ್ ಇರಲಿ" ಅನ್ನುತ್ತಾರೆ. ಅಲ್ಲಿಗೆ ಮಾತು ಮುಗಿಯಿತು.

ನಮ್ಮ ಹುಡುಗರು ಕೇಳುವ ಪ್ರಶ್ನೆ ಎರಡು. "ತಿನ್ನೋಕೆ ಏನು ತಗೊಳ್ತೀರಾ ಸರ್?" ಆಮೇಲೆ, "ಇವತ್ತು ಇಲ್ಲೇ ಉಳ್ಕೊಳ್ತೀರಾ, ಇಲ್ಲ ಗಾಡಿ ಓಡಿಸಬೇಕಾ?" ಇವೆರಡಕ್ಕೆ ಉತ್ತರ ಸಿಕ್ಕರೆ ಯಾವ ಬಿಯರ್ ಅನ್ನುವುದು ಮುಕ್ಕಾಲು ಪಾಲು ತೀರ್ಮಾನ ಆದ ಹಾಗೆ. ಇಷ್ಟು ವರ್ಷದ ಕೆಲಸದಲ್ಲಿ ನನಗೆ ಸಿಕ್ಕ ದೊಡ್ಡ ಪಾಠ ಇದೇ.

ಮಧ್ಯಾಹ್ನದ ಟೇಬಲ್ ಸುಲಭ. ಬೆಳಿಗ್ಗೆ ಮುಳ್ಳಯ್ಯನಗಿರಿ ಹತ್ತಿ ಇಳಿದವರು ಎರಡು ಗಂಟೆ ಹೊತ್ತಿಗೆ ಬಂದು ಕೂರುತ್ತಾರೆ. 1930 ಮೀಟರ್ ಎತ್ತರದ ಗಾಳಿ, ಬಿಸಿಲು ಎರಡೂ ಮುಖದ ಮೇಲೆ ಕಾಣುತ್ತದೆ. ಇವರಿಗೆ ಮೊದಲು ನೀರು ಕೊಡಬೇಕು. ಬಾಯಾರಿಕೆಗೆ ಬಿಯರ್ ಕುಡಿದರೆ ಎರಡು ನಿಮಿಷದಲ್ಲಿ ಗ್ಲಾಸ್ ಖಾಲಿ, ರುಚಿ ನಾಲಿಗೆಗೆ ತಗಲುವುದೇ ಇಲ್ಲ. ನೀರು ಕುಡಿದು ಸುಧಾರಿಸಿಕೊಂಡ ಮೇಲೆ ತಣ್ಣಗಿನ ಲಾಗರ್ ಒಂದು ಪಿಂಟ್, ಅಂದರೆ ಚಿಕ್ಕ ಬಾಟಲಿ. ಕಿಂಗ್‌ಫಿಷರ್ ಪ್ರೀಮಿಯಂ, ಬಡ್‌ವೈಸರ್, ಹೈನೆಕೆನ್, ಕಾರ್ಲ್ಸ್‌ಬರ್ಗ್, ಎಲ್ಲವೂ ಲಾಗರ್ ಜಾತಿಯವೇ. ಕಡಿಮೆ ತಾಪಮಾನದಲ್ಲಿ ನಿಧಾನವಾಗಿ ಹುದುಗುವ ಬಿಯರ್ ಅದು. ಅದಕ್ಕೇ ರುಚಿ ತಿಳಿಯಾಗಿರುತ್ತದೆ. ಇವತ್ತು ನಾವು ನೋಡುವ ಈ ಹೊಂಬಣ್ಣದ ಲಾಗರ್‌ಗಳ ಮೂಲ 1842ರದು. ಈಗಿನ ಚೆಕ್ ದೇಶದ ಪ್ಲ್ಜೆನ್ ಊರಿನಲ್ಲಿ ಯೋಸೆಫ್ ಗ್ರೋಲ್ ಎಂಬಾತ ಮಾಡಿದ ಬಿಯರ್ ಅದು. ಪಿಲ್ಸ್‌ನರ್ ಅನ್ನುವ ಹೆಸರು ಆ ಊರಿನಿಂದಲೇ ಬಂತು.

ಕ್ರಿಕೆಟ್ ಮ್ಯಾಚ್ ನೋಡುತ್ತಾ ಕೂರುವವರಿಗೂ ಇದೇ ಸಾಕು. ಅವರ ಗಮನವೆಲ್ಲ ಟಿವಿ ಮೇಲೆ.

ಸಂಜೆ ಊಟದ ಹೊತ್ತಿಗೆ ವಿಷಯ ಬದಲಾಗುತ್ತದೆ. ನಮ್ಮ ಅಡುಗೆಮನೆಯಲ್ಲಿ ಕಾಳುಮೆಣಸು ಧಾರಾಳ. ಹಂದಿ ಮಾಂಸದ ಫ್ರೈ, ನಾಟಿ ಕೋಳಿ ಸಾರು, ಕಡುಬು, ಅಕ್ಕಿ ರೊಟ್ಟಿ. ತಾವೇ ಬಿಯರ್ ತಯಾರಿಸಿ ಕೊಡುವ ಬೆಂಗಳೂರಿನ ಬ್ರೂಪಬ್‌ಗಳಿಗೆ ಹೋಗಿ ಅಭ್ಯಾಸ ಇರುವ ಹುಡುಗ ಹುಡುಗಿಯರು ಇಲ್ಲಿ ಬಂದು ಐಪಿಎ, ಅಂದರೆ ಇಂಡಿಯಾ ಪೇಲ್ ಏಲ್, ಕೇಳುತ್ತಾರೆ. ಐಪಿಎ ಒಳ್ಳೆಯ ಬಿಯರ್, ನನಗೂ ಇಷ್ಟ. ಆದರೆ ಬಿಯರ್‌ಗೆ ಕಹಿ ಕೊಡುವ ಹಾಪ್ಸ್ ಹೂವು ಅದರಲ್ಲಿ ಜಾಸ್ತಿ, ಹಾಗಾಗಿ ಕಹಿ ಜಾಸ್ತಿ. ಖಾರದ ಮೇಲೆ ಈ ಕಹಿ ಬಿದ್ದರೆ ಖಾರ ಇಳಿಯುವ ಬದಲು ಏರುತ್ತದೆ. ಗ್ಯಾಸ್ ಮತ್ತು ಆಲ್ಕೋಹಾಲ್ ಕೂಡ ಉರಿಯನ್ನು ಹೆಚ್ಚಿಸುತ್ತವೆ. ಆಮೇಲೆ ಗಿರಾಕಿ ಬೆವರು ಒರೆಸಿಕೊಳ್ಳುತ್ತಾ "ನಿಮ್ಮ ಅಡುಗೆ ಭಯಂಕರ ಖಾರ ಕಣ್ರೀ" ಅನ್ನುತ್ತಾರೆ. ಪಾಪ, ಭಟ್ಟರ ತಪ್ಪೇನೂ ಇರುವುದಿಲ್ಲ. ಐಪಿಎ ಬೇಕೇ ಬೇಕು ಅಂದರೆ ಅದರ ಜೊತೆಗೆ ಗೋಡಂಬಿ ಫ್ರೈ, ಚೀಸ್ ಇರುವ ತಿಂಡಿ, ಹುರಿದ ಕಡಲೆಬೀಜ ಇವೆಲ್ಲ ಚೆನ್ನಾಗಿ ಹೋಗುತ್ತವೆ. ಖಾರದ ಊಟಕ್ಕೆ ಮಾಲ್ಟಿನ (ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯ) ಸಿಹಿ ಸ್ವಲ್ಪ ಇರುವ ಬಿಯರ್ ಬೇಕು. ಹಂದಿ ಮಾಂಸದ ಕೊಬ್ಬಿಗೆ ಲಾಗರ್‌ನ ಗ್ಯಾಸ್ ಒಳ್ಳೆಯದು. ಪ್ರತಿ ಗುಟುಕಿಗೂ ನಾಲಿಗೆಯ ಜಿಡ್ಡು ಹೋಗುತ್ತದೆ, ಮುಂದಿನ ತುತ್ತು ಮತ್ತೆ ಮೊದಲಿನಷ್ಟೇ ರುಚಿಸುತ್ತದೆ.

ಮೀನಿಗೆ ಮಾತ್ರ ನಾನು ಬೇರೆ ಮಾತು ಕೇಳುವುದಿಲ್ಲ, ಬೆಲ್ಜಿಯನ್ ಬಗೆಯ ಗೋಧಿ ಬಿಯರ್ ಅಂತಲೇ ಹೇಳುತ್ತೇನೆ. ಮಂಗಳೂರಿನಿಂದ ಚಾರ್ಮಾಡಿ ಘಾಟಿ ಹತ್ತಿ ಬರುವ ಬಂಗುಡೆಗೆ ಮಸಾಲೆ ಹಚ್ಚಿ ಕಾವಲಿಯ ಮೇಲೆ ಬೇಯಿಸಿದ್ದು ಒಂದು ಕಡೆ. ಕೊತ್ತಂಬರಿ ಬೀಜ, ಕಿತ್ತಳೆ ಸಿಪ್ಪೆ ಹಾಕಿ ಮಾಡಿದ ಮಂಜುಮಂಜಾದ ಬಿಯರ್ ಇನ್ನೊಂದು ಕಡೆ. ಮೀನಿನ ಮೇಲೆ ನಾವು ನಿಂಬೆಹಣ್ಣು ಹಿಂಡುತ್ತೇವಲ್ಲ, ಆ ಕೆಲಸವನ್ನು ಈ ಕಿತ್ತಳೆ ಸಿಪ್ಪೆ ಮಾಡುತ್ತದೆ. ಈ ಬಗೆಯ ಬಿಯರ್ ಒಂದು ಕಾಲಕ್ಕೆ ನಿಂತೇ ಹೋಗಿತ್ತು. ಬೆಲ್ಜಿಯಂನ ಹೂಗಾರ್ಡನ್ ಊರಿನಲ್ಲಿ ಪಿಯರ್ ಸೆಲಿಸ್ 1966ರಲ್ಲಿ ಅದನ್ನು ಮತ್ತೆ ಶುರು ಮಾಡಿದರು. ಅವರ ಮೇಲೆ ನನಗೆ ನಿಜಕ್ಕೂ ಗೌರವ ಇದೆ.

ಗೋಧಿ ಬಿಯರ್‌ನಲ್ಲಿ ಜರ್ಮನಿಯದು ಬೇರೆ. ಅದರಲ್ಲಿ ಬಾಳೆಹಣ್ಣು ಮತ್ತು ಲವಂಗದ ಪರಿಮಳ ಬರುತ್ತದೆ. "ಬಾಳೆಹಣ್ಣಿನ ಎಸೆನ್ಸ್ ಹಾಕಿದ್ದೀರಾ?" ಅಂತ ಕೇಳುವವರು ಜಾಸ್ತಿ. ಏನೂ ಹಾಕಿರುವುದಿಲ್ಲ. ಆ ಬಿಯರ್‌ಗೆ ಬಳಸುವ ಯೀಸ್ಟ್ ಹುದುಗುವಾಗ ತಾನೇ ಆ ಪರಿಮಳ ಕೊಡುತ್ತದೆ. ನನಗೆ ಅತಿ ಇಷ್ಟದ ಬಿಯರ್ ಯಾವುದು ಅಂತ ಕೇಳಿದರೆ ಇದೇ. ಫೆಬ್ರವರಿ, ಮಾರ್ಚ್ ಹೊತ್ತಿಗೆ ಕಾಫಿ ಪಿಕ್ಕಿಂಗ್ ಮುಗಿದು ತೋಟದವರು ಮನೆಮಂದಿ ಸಮೇತ ಊಟಕ್ಕೆ ಬರುತ್ತಾರೆ. ಬಿಸಿಲು ಏರಿರುತ್ತದೆ, ಮನಸ್ಸು ಹಗುರವಾಗಿರುತ್ತದೆ, ಯಾರಿಗೂ ಎದ್ದು ಹೋಗುವ ಆತುರ ಇರುವುದಿಲ್ಲ. ಆಗ ಇದಕ್ಕಿಂತ ಒಳ್ಳೆಯ ಬಿಯರ್ ನನಗೆ ಗೊತ್ತಿಲ್ಲ.

ಇನ್ನು ಮಳೆಗಾಲ. ಜುಲೈ, ಆಗಸ್ಟ್‌ನಲ್ಲಿ ನಮ್ಮಲ್ಲಿ ಸ್ವೆಟರ್ ಹಾಕಿಕೊಂಡೇ ಊಟಕ್ಕೆ ಕೂರುತ್ತಾರೆ. ಹಾಗಿದ್ದರೂ ಬಿಯರ್ ಮಾತ್ರ ಐಸ್ ಕಟ್ಟಿರಬೇಕು ಅಂತ ಹಟ. ನಮ್ಮೂರಿನ ಹಿರಿಯರು ಇದರಲ್ಲಿ ಜಾಣರು. "ಕೂಲಿಂಗ್ ಇಲ್ಲದ್ದು ಕೊಡಪ್ಪ" ಅಂತ ಕೇಳುತ್ತಾರೆ. ತೀರಾ ತಣ್ಣಗಾದ ಬಿಯರ್‌ನಲ್ಲಿ ಪರಿಮಳ ಮೇಲೆ ಬರುವುದೇ ಇಲ್ಲ. ಲಾಗರ್‌ಗೆ 4ರಿಂದ 7 ಡಿಗ್ರಿ ಸರಿ. ಸ್ಟೌಟ್‌ನಂಥ ಕಪ್ಪು ಬಿಯರ್ 8ರಿಂದ 12 ಡಿಗ್ರಿಯಲ್ಲಿ ಇದ್ದರೇ ಚೆಂದ. ಅಂದರೆ ಫ್ರಿಜ್‌ನಿಂದ ತೆಗೆದು ಸ್ವಲ್ಪ ಹೊತ್ತು ಹೊರಗಿಟ್ಟು ಕೊಡಬೇಕು. ನಮಗೆ ಸರಕು ಬರುವುದು ರಾಜ್ಯ ಸರ್ಕಾರದ ಮದ್ಯ ಸರಬರಾಜು ನಿಗಮ ಕೆಎಸ್‌ಬಿಸಿಎಲ್‌ನ ಡಿಪೋದಿಂದ, ಹಾಗಾಗಿ ಸ್ಟೌಟ್ ಕೇಳಿದಾಗಲೆಲ್ಲ ಸಿಗುವುದಿಲ್ಲ. ಸಿಕ್ಕಿದಾಗ ನಾನು ಮಳೆಗಾಲಕ್ಕೆ ಅಂತಲೇ ಎತ್ತಿಡುತ್ತೇನೆ.

ಕಾಫಿ ನಾಡಿನವರಿಗೆ ಸ್ಟೌಟ್ ಪರಿಚಯ ಮಾಡಿಸುವುದು ನನ್ನ ಕೆಲಸದ ಅತಿ ಖುಷಿಯ ಭಾಗ. ಆಲ್ದೂರು ಕಡೆಯ ಪ್ಲಾಂಟರ್ ಒಬ್ಬರು ಬರುತ್ತಾರೆ. ನಾವೆಲ್ಲ ಗೌಡ್ರು ಅಂತಲೇ ಕರೆಯುವುದು. ಮೊದಲ ಸಲ ಗ್ಲಾಸ್ ಮುಂದಿಟ್ಟಾಗ ಅವರು ಕುಡಿಯಲಿಲ್ಲ. ಮೂಗಿನ ಹತ್ತಿರ ಹಿಡಿದುಕೊಂಡು ಸುಮಾರು ಹೊತ್ತು ಕೂತರು. "ಇದು ಜಾಸ್ತಿ ಹುರಿದ ರೋಬಸ್ಟಾ ವಾಸನೆ ಕಣಯ್ಯ" ಅಂದರು. ಅವರ ಮೂಗು ಸುಳ್ಳು ಹೇಳಿರಲಿಲ್ಲ. ಸ್ಟೌಟ್‌ಗೆ ಬಣ್ಣ, ವಾಸನೆ ಬರುವುದು ಹುರಿದ ಬಾರ್ಲಿಯಿಂದ. ಕಾಫಿ ಬೀಜದ ಹಾಗೇ ಬಾರ್ಲಿಯನ್ನೂ 200 ಡಿಗ್ರಿ ದಾಟಿದ ಶಾಖದಲ್ಲಿ ಹುರಿಯುತ್ತಾರೆ. ಕಾಳು ಕಪ್ಪಾಗುತ್ತಾ ಅದೇ ಥರದ ಪರಿಮಳ, ಅದೇ ಥರದ ಕಹಿ ಹುಟ್ಟುತ್ತದೆ. ಆಮೇಲೆ ಗೌಡ್ರು ಕೇಳಿದ್ದು ಎಲ್ಲರೂ ಕೇಳುವ ಪ್ರಶ್ನೆ. "ಇಷ್ಟು ಕಪ್ಪಗಿದೆ, ಭಾರಿ ಸ್ಟ್ರಾಂಗ್ ಇರಬೇಕಲ್ವಾ?" ಬಣ್ಣಕ್ಕೂ ಆಲ್ಕೋಹಾಲ್‌ಗೂ ಸಂಬಂಧ ಇಲ್ಲ. ಗಿನ್ನೆಸ್ ಡ್ರಾಫ್ಟ್‌ನಲ್ಲಿ ಇರುವುದು 4.2%. ಹೊಂಬಣ್ಣದ ನಮ್ಮ ಮಾಮೂಲಿ ಲಾಗರ್‌ನಲ್ಲಿ ಅದಕ್ಕಿಂತ ಸ್ವಲ್ಪ ಜಾಸ್ತಿಯೇ ಇರುತ್ತದೆ. ಸ್ಟೌಟ್ ಜೊತೆ ಕಾಯಿ ಹೋಳಿಗೆ ಕೊಟ್ಟು ನೋಡಿ ಅಂತ ಯಾರೂ ಹೇಳಿದ್ದನ್ನು ನಾನು ಕೇಳಿಲ್ಲ, ನಾನು ಹೇಳುತ್ತೇನೆ. ಬೆಲ್ಲದ ಸಿಹಿಗೆ ಆ ಹುರಿದ ಕಹಿ ತುಂಬ ಚೆನ್ನಾಗಿ ಹೊಂದುತ್ತದೆ.

ಸ್ಟ್ರಾಂಗ್ ಬಿಯರ್ ಬಗ್ಗೆ ಸ್ವಲ್ಪ ಜಾಸ್ತಿಯೇ ಹೇಳಬೇಕು. ನಮ್ಮ ದೇಶದಲ್ಲಿ ಹೆಚ್ಚು ಮಾರಾಟ ಆಗುವುದು ಅದೇ. "ಅದೇ ದುಡ್ಡಿಗೆ ಜಾಸ್ತಿ ಕಿಕ್" ಅನ್ನುವುದು ಲೆಕ್ಕಾಚಾರ. ನನ್ನ ಹುಡುಗರಿಗೆ ನಾನು ಬೇರೆ ಲೆಕ್ಕ ಬರೆಸುತ್ತೇನೆ. 650 ಎಂಎಲ್ ಬಾಟಲಿ, 8% ಆಲ್ಕೋಹಾಲ್. ಅಂದರೆ ಒಳಗಿರುವ ಶುದ್ಧ ಆಲ್ಕೋಹಾಲ್ 52 ಎಂಎಲ್. ನಮ್ಮ ಮಾಮೂಲಿ ವಿಸ್ಕಿ 42.8%. 60 ಎಂಎಲ್‌ನ ಒಂದು ಲಾರ್ಜ್‌ನಲ್ಲಿ 26 ಎಂಎಲ್‌ಗೆ ಒಂಚೂರು ಕಡಿಮೆ. ಒಂದು ಸ್ಟ್ರಾಂಗ್ ಬಾಟಲಿ ಅಂದರೆ ಎರಡು ಲಾರ್ಜ್ ವಿಸ್ಕಿ! "ನಾನು ವಿಸ್ಕಿ ಮುಟ್ಟಲ್ಲಪ್ಪ, ಬರೀ ಎರಡು ಬಿಯರ್" ಅನ್ನುವವರು ನಾಲ್ಕು ಲಾರ್ಜ್ ಕುಡಿದಿರುತ್ತಾರೆ. 5%ನ ಮಾಮೂಲಿ ಬಿಯರ್ ಆದರೆ ಒಂದು ಬಾಟಲಿಗೆ ಒಂದು ಲಾರ್ಜ್‌ಗಿಂತ ಸ್ವಲ್ಪ ಜಾಸ್ತಿ ಅಷ್ಟೆ. ದೇಹ ಗಂಟೆಗೆ ಕರಗಿಸುವುದು ಸುಮಾರು 8ರಿಂದ 10 ಗ್ರಾಂ ಆಲ್ಕೋಹಾಲ್. ಒಂದು ಸ್ಟ್ರಾಂಗ್ ಬಾಟಲಿಯ ಆ 52 ಎಂಎಲ್ ತೂಕದಲ್ಲಿ ಸುಮಾರು 41 ಗ್ರಾಂ ಇರುತ್ತದೆ. ನಾಲ್ಕೈದು ಗಂಟೆ ಬೇಕು.

ಈ ಲೆಕ್ಕ ಗೊತ್ತಿರುವ ಸ್ಟೀವರ್ಡ್ ಟೇಬಲ್ ನೋಡುವ ರೀತಿಯೇ ಬೇರೆ. ಆಫೀಸಿನವರು ಟೀಂ ಔಟಿಂಗ್ ಅಂತ ಬಂದಿದ್ದಾರೆ, ಬೆಂಕಿ ಹಾಕಿಕೊಂಡು ಮಧ್ಯರಾತ್ರಿವರೆಗೆ ಕೂರುವವರು. ಅಂಥ ಉದ್ದದ ಕೂಟಕ್ಕೆ ಸ್ಟ್ರಾಂಗ್ ಸರಿಹೋಗುವುದಿಲ್ಲ. ಒಂಬತ್ತು ಗಂಟೆಗೇ ಅರ್ಧ ಜನ ಸುಸ್ತು, ಊಟ ಹಾಗೇ ಉಳಿಯುತ್ತದೆ. ಐದು ಪರ್ಸೆಂಟ್ ಒಳಗಿನದು, ಅದೂ ಪಿಂಟ್ ಲೆಕ್ಕದಲ್ಲಿ ಕೊಟ್ಟರೆ ಮಾತು, ಹಾಡು ಎಲ್ಲ ನಡೆಯುತ್ತದೆ. ಬಿಲ್ ಕೂಡ ಕಡಿಮೆ ಆಗುವುದಿಲ್ಲ, ಇದನ್ನು ಮಾಲೀಕರಿಗೆ ಹೇಳಬೇಕಾಗುತ್ತದೆ.

ಮುಖ ನೋಡಿ ಬಿಯರ್ ತೀರ್ಮಾನ ಮಾಡುವ ಚಾಳಿ ನಮ್ಮ ಕೆಲಸದಲ್ಲಿ ತುಂಬ ಇದೆ. ಗಂಡ ಹೆಂಡತಿ ಬಂದರೆ ಕೇಳದೇ ಗಂಡಸಿನ ಮುಂದೆ ಕಪ್ಪು ಬಿಯರ್, ಹೆಂಗಸಿನ ಮುಂದೆ ಗೋಧಿ ಬಿಯರ್ ಇಡುತ್ತಾರೆ. ನನಗೆ ಇದು ಸ್ವಲ್ಪವೂ ಹಿಡಿಸುವುದಿಲ್ಲ. ಕಹಿಯನ್ನು ಇಷ್ಟಪಟ್ಟು ಕುಡಿಯುವ ಎಷ್ಟೋ ಮೇಡಂಗಳು ನಮ್ಮಲ್ಲಿಗೆ ಬರುತ್ತಾರೆ. ಫಿಲ್ಟರ್ ಕಾಫಿಗೆ ಸಕ್ಕರೆ ಹಾಕಿಕೊಳ್ಳುತ್ತಾರಾ ಅಂತ ಕೇಳಿ. ಸಕ್ಕರೆ ಬೇಡ ಅನ್ನುವವರಿಗೆ ಕಹಿ ಬಿಯರ್ ಒಗ್ಗುವ ಸಾಧ್ಯತೆ ಜಾಸ್ತಿ, ಅವರು ಯಾರೇ ಆಗಿರಲಿ.

ಬಿಯರ್ ಆರಿಸಿದ್ದು ಸರಿ ಇದ್ದೂ ಗ್ಲಾಸ್ ಸರಿ ಇಲ್ಲದಿದ್ದರೆ ಎಲ್ಲ ಹಾಳು. ಗ್ಲಾಸಿನಲ್ಲಿ ಎಣ್ಣೆ ಜಿಡ್ಡು, ಸೋಪು ಸ್ವಲ್ಪ ಉಳಿದರೂ ನೊರೆ ನಿಲ್ಲುವುದಿಲ್ಲ. ನೊರೆ ಹೋದರೆ ಪರಿಮಳವೂ ಹೋಯಿತು. ತೊಳೆದು ಬೋರಲು ಹಾಕಿ ಹಾಗೇ ಒಣಗಿಸಬೇಕು, ಬಟ್ಟೆಯಿಂದ ಒಳಗೆ ಒರೆಸಬಾರದು. ಇನ್ನೊಂದು ವಿಷಯ ಬೆಟ್ಟದ ಕಡೆಯ ರೆಸಾರ್ಟ್‌ಗಳಿಗೇ ಹೇಳಬೇಕು. ಕಣಿವೆ ಕಾಣಲಿ ಅಂತ ದೊಡ್ಡ ದೊಡ್ಡ ಗಾಜಿನ ಕಿಟಕಿ ಇಡುತ್ತೀರಿ, ಅದರ ಪಕ್ಕದಲ್ಲೇ ಚೆಂದಕ್ಕೆ ಬಿಯರ್ ಬಾಟಲಿ ಜೋಡಿಸುತ್ತೀರಿ. ದಯವಿಟ್ಟು ತೆಗೆಯಿರಿ. ಹಾಪ್ಸ್‌ನಲ್ಲಿರುವ ಅಂಶಕ್ಕೆ ಬಿಸಿಲು ತಗಲಿದರೆ ಕೆಟ್ಟ ವಾಸನೆ ಹುಟ್ಟುತ್ತದೆ. ಕಂದು ಬಾಟಲಿ ಬೆಳಕನ್ನು ಚೆನ್ನಾಗಿ ತಡೆಯುತ್ತದೆ, ಹಸಿರು ಮತ್ತು ಬಣ್ಣವಿಲ್ಲದ ಬಾಟಲಿ ಅಷ್ಟು ತಡೆಯುವುದಿಲ್ಲ. ಮಳೆಗಾಲದಲ್ಲಿ ಕರೆಂಟ್ ಹೋಗಿ ಫ್ರಿಜ್ ನಿಂತರೆ ಅಷ್ಟು ಗಾಬರಿ ಬೇಡ. ನಮ್ಮ ಆ ಚಳಿಯಲ್ಲಿ ಕೆಲವು ಗಂಟೆಗೆ ಬಿಯರ್ ಕೆಡುವುದಿಲ್ಲ.

ಎರಡನೇ ಪ್ರಶ್ನೆಗೆ "ಗಾಡಿ ಓಡಿಸಬೇಕು" ಅನ್ನುವ ಉತ್ತರ ಬಂದರೆ ಮಾತ್ರ ನಾನು ಯಾವ ಬಗೆಯನ್ನೂ ಹೇಳುವುದಿಲ್ಲ. ಇಲ್ಲಿಂದ ಕೊಟ್ಟಿಗೆಹಾರ ದಾಟಿದರೆ ಚಾರ್ಮಾಡಿಯ ತಿರುವು, ಮಂಜು ಬಿದ್ದರೆ ಎದುರಿನ ಲಾರಿ ಕಾಣುವುದಿಲ್ಲ. ಕಾನೂನಿನಲ್ಲಿ ಮಿತಿ 100 ಎಂಎಲ್ ರಕ್ತಕ್ಕೆ 30 ಮಿಲಿಗ್ರಾಂ. ನಾನು ಆ ಮಿತಿಯವರೆಗೂ ಹೋಗುವುದಿಲ್ಲ. ಅವರಿಗೆ ಆಲ್ಕೋಹಾಲ್ ಇಲ್ಲದ 0.0 ಬಿಯರ್ ಇದೆ. ಅದನ್ನು ಕ್ಯಾನ್ ಸಮೇತ ಟೇಬಲ್ ಮೇಲೆ ಕುಕ್ಕಿ ಬರಬೇಡಿ ಅಂತ ಹುಡುಗರಿಗೆ ಹೇಳಿದ್ದೇನೆ. ಉಳಿದವರಿಗೆ ಕೊಟ್ಟಂಥದ್ದೇ ಗ್ಲಾಸ್, ಅಷ್ಟೇ ತಣ್ಣಗೆ, ಅದೇ ಥರ ನೊರೆ ಬರುವ ಹಾಗೆ ಸುರಿದು ಕೊಡಬೇಕು. ಹಾಗೆ ಕೊಟ್ಟರೆ ಡ್ರೈವರ್ ಆಗಿ ಬಂದವರು ಎರಡನೆಯದನ್ನೂ ಕೇಳಿ ಕುಡಿಯುತ್ತಾರೆ. ಸುಮ್ನೆ ಕೋಲಾ ಇಟ್ಟು ಬಂದ ಟೇಬಲ್‌ಗಳಲ್ಲಿ ಊಟ ಮುಗಿಯುವ ಹೊತ್ತಿಗೆ ಅವರೂ "ಒಂದೇ ಒಂದು ಪಿಂಟ್ ಕೊಡಿ" ಅಂತ ಶುರು ಮಾಡುತ್ತಾರೆ. ಹಾಗಾಗಿ ನಮ್ಮ ಫ್ರಿಜ್‌ನ ಕೆಳಗಿನ ಒಂದು ಖಾನೆ ಯಾವಾಗಲೂ 0.0ಗೇ ಮೀಸಲು, ವೀಕೆಂಡ್‌ಗೆ ಮೊದಲು ಅದು ತುಂಬಿದೆಯಾ ಅಂತ ನಾನೇ ನೋಡುತ್ತೇನೆ.