ಚಿತ್ರಕ್ಕೆ ಪಹಣಿ ಬರೆಯುವ ಕೆಲಸ

ಜರ್ಮನಿಯ ಎನ್‌ಎಫ್‌ಡಿಐ4ಬಯೋಇಮೇಜ್ ಎಂಬ ಜಾಲದ ಕೆಲಸಕ್ಕೆ ಸೇರಿ ನನಗೆ ಒಂದು ವರ್ಷ ತುಂಬಿತು. ತಿಪಟೂರಿನಿಂದ ಅಪ್ಪ ಫೋನ್ ಮಾಡಿದಾಗಲೆಲ್ಲ ಕೇಳುತ್ತಿದ್ದರು, "ಅಲ್ಲಿ ನಿಜವಾಗ್ಲೂ ಏನ್ ಕೆಲ್ಸ ಮಾಡ್ತೀಯಮ್ಮ?" ಮೈಕ್ರೋಸ್ಕೋಪಿನಲ್ಲಿ ತೆಗೆದ ಚಿತ್ರ ಯಾವ ಜೀವಿಯದು, ಯಾವ ಲೆನ್ಸಿನಲ್ಲಿ ತೆಗೆದದ್ದು, ಅದಕ್ಕೆ ಯಾವ ಔಷಧಿ ಹಾಕಿತ್ತು ಎಂಬುದನ್ನೆಲ್ಲ ಚಿತ್ರದ ಜೊತೆಗೇ ದಾಖಲೆ ಮಾಡಿಸುವುದು ಎಂದು ವಿವರಿಸಿದೆ. ಅಪ್ಪ ಗ್ರಾಮ ಲೆಕ್ಕಿಗರಾಗಿ ನಿವೃತ್ತರಾದವರು. "ಅಂದ್ರೆ ಚಿತ್ರಕ್ಕೆ ಪಹಣಿ ಬರಿಯೋದು ಅನ್ನು" ಎಂದರು. ಇದಕ್ಕಿಂತ ಚೆನ್ನಾಗಿ ಯಾರೂ ಹೇಳಿಲ್ಲ. ಪಹಣಿಯ 9ನೇ ಕಾಲಂನಲ್ಲಿ ಮಾಲೀಕರ ಹೆಸರು, 12ರಲ್ಲಿ ಬೆಳೆ. ಅದಿಲ್ಲದಿದ್ದರೆ ಹೊಲ ಕಣ್ಣೆದುರಿಗೇ ಇದ್ದರೂ ಯಾರದು, ಏನು ಬೆಳೆದಿದ್ದರು ಎಂದು ಹೇಳಲು ಆಗುವುದಿಲ್ಲ.

ಜಾಲದ ಬಗ್ಗೆ ಎರಡು ಮಾತು. ಸಂಶೋಧನೆಯ ದತ್ತಾಂಶ ಒಂದೊಂದು ಲ್ಯಾಬಿನ ಕಪಾಟಿನಲ್ಲಿ ಸೇರಿಹೋಗಬಾರದು ಎಂದು ಜರ್ಮನಿಯ ಕೇಂದ್ರ ಮತ್ತು ರಾಜ್ಯ ಸರ್ಕಾರಗಳು ಸೇರಿ ಎನ್‌ಎಫ್‌ಡಿಐ ಎಂಬ ರಾಷ್ಟ್ರೀಯ ವ್ಯವಸ್ಥೆ ಕಟ್ಟಿದವು. ಇದಕ್ಕೆ ವರ್ಷಕ್ಕೆ 9 ಕೋಟಿ ಯೂರೋವರೆಗೆ ಹಣ ಇಟ್ಟಿದ್ದಾರೆ. ಒಂದೊಂದು ವಿಷಯಕ್ಕೆ ಒಂದೊಂದು ಕೂಟ. ಜೀವವಿಜ್ಞಾನದ ಚಿತ್ರಗಳನ್ನು ನೋಡಿಕೊಳ್ಳುವ ನಮ್ಮ ಕೂಟ 2023ರ ಮಾರ್ಚ್‌ನಲ್ಲಿ ಶುರುವಾಯಿತು. ಡ್ಯೂಸೆಲ್‌ಡಾರ್ಫ್ ವಿಶ್ವವಿದ್ಯಾಲಯದಿಂದ ಇದರ ಉಸ್ತುವಾರಿ ನಡೆಯುತ್ತದೆ. ನಾನು ಕೂತಿರುವುದು ರೈನ್ ನದಿ ಸೀಮೆಯ ಇನ್ನೊಂದು ಊರಿನ ಮೈಕ್ರೋಸ್ಕೋಪಿ ಕೇಂದ್ರದಲ್ಲಿ.

ನಮ್ಮ ದೊಡ್ಡ ತಲೆನೋವು ಫೈಲುಗಳು. ಒಂದೊಂದು ಕಂಪನಿಯ ಮೈಕ್ರೋಸ್ಕೋಪ್ ಒಂದೊಂದು ಬಗೆಯ ಫೈಲ್ ಕೊಡುತ್ತದೆ. ಜೈಸ್ ಯಂತ್ರದ್ದು ಸಿಝಡ್‌ಐ, ಲೈಕಾದ್ದು ಎಲ್‌ಐಎಫ್, ನಿಕಾನ್‌ದು ಎನ್‌ಡಿ2. ಇವನ್ನೆಲ್ಲ ಓದಲು ಬಯೋ-ಫಾರ್ಮ್ಯಾಟ್ಸ್ ಎಂಬ ಉಚಿತ ತಂತ್ರಾಂಶ ಇದೆ. ಅದು 150ಕ್ಕೂ ಹೆಚ್ಚು ಬಗೆಯ ಫೈಲುಗಳನ್ನು ತೆರೆಯುತ್ತದೆ. ಅದು ಹುಟ್ಟಿದ್ದೇ ಈ ಗೊಂದಲದಿಂದ. ಆದರೆ ಫೈಲ್ ತೆರೆದುಕೊಂಡ ಮಾತ್ರಕ್ಕೆ ಅದರಲ್ಲಿ ಏನಿದೆ ಎಂದು ತಿಳಿದಂತಾಗುವುದಿಲ್ಲ, ಅಲ್ವಾ?

ಈ ವರ್ಷದ ಕೆಲಸಗಳಲ್ಲಿ ನನಗೆ ತುಂಬಾ ಮುಖ್ಯ ಅನಿಸಿದ್ದು ಒಂದು ಹಾರ್ಡ್ ಡಿಸ್ಕಿನ ಕೆಲಸ.

ಒಂದು ಲ್ಯಾಬಿನಲ್ಲಿ ಜೀಬ್ರಾಫಿಶ್ ಮರಿಗಳ ಹೃದಯದ ಮೇಲೆ ಪಿಎಚ್‌ಡಿ ಮಾಡಿದ ಹುಡುಗಿ ಪದವಿ ಮುಗಿಸಿ ಕಂಪನಿ ಕೆಲಸಕ್ಕೆ ಹೋಗಿದ್ದಳು. ಜೀಬ್ರಾಫಿಶ್ ಎಂದರೆ ನಮ್ಮ ಉಪಖಂಡದ ಹೊಳೆ, ಗದ್ದೆ ನೀರಿನ ಪುಟ್ಟ ಪಟ್ಟೆ ಮೀನು. ಅದರ ಭ್ರೂಣ ಗಾಜಿನ ಹಾಗೆ ಪಾರದರ್ಶಕ. ಮೊಟ್ಟೆಯಾಗಿ ಸುಮಾರು 24 ಗಂಟೆಗೆ ಹೃದಯ ಮಿಡಿಯಲು ಶುರುವಾಗುತ್ತದೆ, ಏನನ್ನೂ ಕೊಯ್ಯದೆ ಅದನ್ನು ಹಾಗೇ ನೋಡಬಹುದು. ಅವಳ ನಂತರ ಬಂದ ಹುಡುಗನಿಗೆ ಆ ಚಿತ್ರಗಳು ಬೇಕಿದ್ದವು. ಹಾರ್ಡ್ ಡಿಸ್ಕ್ ಸಿಕ್ಕಿತು. ಅದರಲ್ಲಿ ಸಾವಿರಾರು ಫೈಲು. ಹೆಸರುಗಳು ಮಾತ್ರ 'ಹೊಸದು', 'ಫೈನಲ್', 'ಫೈನಲ್ ಸರಿಯಾದದ್ದು'. ಯಾವ ಮರಿಗೆ ಔಷಧಿ ಹಾಕಿದ್ದು, ಯಾವುದಕ್ಕೆ ಹಾಕದೆ ಬಿಟ್ಟಿದ್ದು ಎಂದು ಎಲ್ಲೂ ಬರೆದಿರಲಿಲ್ಲ. ಅವಳಿಗೆ ಫೋನ್ ಮಾಡಿ ಕೇಳಿದರೆ ಅವಳಿಗೂ ನೆನಪಿರಲಿಲ್ಲ. ಅದು ಅವಳ ತಪ್ಪಲ್ಲ. ಬರೆದಿಡು ಎಂದು ಅವಳಿಗೆ ಯಾರೂ ಕಲಿಸಿರಲಿಲ್ಲ, ಬರೆದಿಡಲು ಜಾಗವನ್ನೂ ಕೊಟ್ಟಿರಲಿಲ್ಲ. ಪ್ರಯೋಗವನ್ನೇ ಮತ್ತೆ ಮಾಡಿಬಿಡೋಣ ಎಂಬ ಮಾತು ಬಂತು. ಅಷ್ಟು ಮೀನು, ಅಷ್ಟು ತಿಂಗಳ ದುಡಿಮೆ ಸುಮ್ನೆ ಮಣ್ಣುಪಾಲಾಗುವುದು ನನಗೆ ಸಹಿಸಲಾಗಲಿಲ್ಲ.

ಯಂತ್ರ ತನಗೆ ಗೊತ್ತಿದ್ದನ್ನು ಬರೆದುಕೊಂಡಿತ್ತು. ಲೆನ್ಸ್ ಯಾವುದು, ಲೇಸರ್ ಯಾವುದು, ಒಂದು ಪಿಕ್ಸೆಲ್ ಎಷ್ಟು ಮೈಕ್ರೋಮೀಟರ್, ಎಷ್ಟು ಗಂಟೆಗೆ ತೆಗೆದದ್ದು, ಎಲ್ಲ ಫೈಲಿನ ಒಳಗೇ ಇತ್ತು. ಮೀನಿನ ತಳಿ, ಔಷಧಿ, ಮರಿಯ ವಯಸ್ಸು ಯಂತ್ರಕ್ಕೆ ಹೇಗೆ ಗೊತ್ತಾಗಬೇಕು? ಅದು ಮನುಷ್ಯರೇ ಬರೆಯಬೇಕಾದದ್ದು. ಅದೃಷ್ಟಕ್ಕೆ ಅವಳ ಕಾಗದದ ಲ್ಯಾಬ್ ಪುಸ್ತಕ ಸಿಕ್ಕಿತು. ಅವಸರದ ಜರ್ಮನ್ ಕೈಬರಹ. ಪಕ್ಕದಲ್ಲಿ ಗಂಟೆ, ನಿಮಿಷ. ಪುಸ್ತಕದ ಸಮಯಕ್ಕೂ ಫೈಲಿನ ಸಮಯಕ್ಕೂ ತಾಳೆ ಹಾಕುತ್ತಾ ಕೂತೆವು.

ಫೆಬ್ರವರಿಯ ಚಿತ್ರಗಳೆಲ್ಲ ಸಲೀಸಾಗಿ ತಾಳೆಯಾದವು. ಏಪ್ರಿಲ್‌ನಲ್ಲಿ ಒಂದೂ ಆಗಲಿಲ್ಲ. ಬಿಡಿಸಿ ಹೇಳಿದವರು ನಮ್ಮ ಕೇಂದ್ರದ ಹಿರಿಯ ತಂತ್ರಜ್ಞೆ. ಮಾರ್ಚ್‌ನ ಕೊನೆಯ ಭಾನುವಾರ ಇಲ್ಲಿ ಎಲ್ಲರೂ ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ತಿರುಗಿಸುತ್ತಾರೆ. ಆ ಮೈಕ್ರೋಸ್ಕೋಪಿನ ಕಂಪ್ಯೂಟರನ್ನು ಸುರಕ್ಷತೆಗೆಂದು ನೆಟ್‌ವರ್ಕ್‌ನಿಂದ ಹೊರಗಿಟ್ಟಿದ್ದರು. ತಾನಾಗಿ ಸಮಯ ಬದಲಿಸುವ ಸೆಟ್ಟಿಂಗ್ ಆಫ್ ಆಗಿತ್ತು. ಅದು ಬೇಸಿಗೆಯಿಡೀ ಚಳಿಗಾಲದ ಸಮಯದಲ್ಲೇ ಇತ್ತು. ಒಂದು ಗಂಟೆ ಕೂಡಿಸಿದ ತಕ್ಷಣ ಸಾಲು ಸಾಲಾಗಿ ಎಲ್ಲ ಹೊಂದಿಕೊಂಡಿತು. ಈ ಮಾಹಿತಿ ಯಾವ ಕೈಪಿಡಿಯಲ್ಲೂ ಇರಲಿಲ್ಲ, ಆ ಯಂತ್ರದ ಜೊತೆ ವರ್ಷಗಟ್ಟಲೆ ಒಡನಾಡಿದ ಒಬ್ಬರ ತಲೆಯಲ್ಲಿತ್ತು. ಇಂಥವರ ಹೆಸರು ಪ್ರಬಂಧದ ಕೊನೆಯ ಧನ್ಯವಾದದ ಸಾಲಿನಲ್ಲಿ ಬಂದರೆ ಸಾಕು ಎಂದು ಬಹಳ ಲ್ಯಾಬುಗಳು ಅಂದುಕೊಂಡಿವೆ. ಸಾಲದು. ಅವರು ಲೇಖಕರ ಪಟ್ಟಿಯಲ್ಲಿರಬೇಕು. ಈ ಸಲ ನಮ್ಮ ತಂತ್ರಜ್ಞೆಯ ಹೆಸರು ಅಲ್ಲಿದೆ. ನಾನು ಪಟ್ಟು ಹಿಡಿದು ಕೇಳಿದೆ, ಲ್ಯಾಬಿನವರು ಮನಸಾರೆ ಒಪ್ಪಿದರು.

ಇದಾದ ಮೇಲೆ ನಮ್ಮಲ್ಲಿ ಒಂದು ಫಾರಂ ಮಾಡುವ ಕೆಲಸ ಶುರುವಾಯಿತು. ಪೂರ್ತಿ ಹೊಸದಾಗಿ ಏನೂ ಮಾಡಬೇಕಿರಲಿಲ್ಲ. ಜೀವವಿಜ್ಞಾನದ ಚಿತ್ರದ ಜೊತೆ ಏನೇನು ಬರೆದಿರಬೇಕು ಎಂದು 2021ರಲ್ಲೇ ಹಲವು ದೇಶಗಳವರು ಸೇರಿ ರೆಂಬಿ ಎಂಬ ಶಿಫಾರಸು ಹೊರಡಿಸಿದ್ದಾರೆ. ಅದನ್ನು ನಮ್ಮ ಲ್ಯಾಬುಗಳು ದಿನಾ ತುಂಬುವಂತೆ ಮಾಡುವುದೇ ಕಷ್ಟ. ಕಂಪ್ಯೂಟರಿನವರಿಗೆ ಎಲ್ಲ ಖಾನೆಯೂ ಬೇಕು. ಬೆಳಿಗ್ಗೆಯಿಂದ ಕತ್ತಲೆ ಕೋಣೆಯಲ್ಲಿ ಕೂತು ಕಣ್ಣು ಉರಿಯುತ್ತಿರುವ ವಿದ್ಯಾರ್ಥಿಗೆ ಒಂದೂ ಬೇಡ. ಆನ್‌ಲೈನ್ ಸಭೆಗಳಲ್ಲಿ ಜೋರು ವಾದ ನಡೆಯಿತು. ಕೊನೆಗೆ ಯಂತ್ರಕ್ಕೆ ಗೊತ್ತಿರುವುದನ್ನು ಮನುಷ್ಯರ ಕೈಲಿ ಮತ್ತೆ ಬರೆಸಬಾರದು ಎಂಬ ಒಂದು ಮಾತಿಗೆ ಎಲ್ಲರೂ ಒಪ್ಪಿದರು. ಚಿತ್ರಗಳನ್ನು ಒಮೆರೊ ಎಂಬ ಸರ್ವರಿಗೆ ಹಾಕಿದರೆ ಲೆನ್ಸ್, ಲೇಸರ್, ಪಿಕ್ಸೆಲ್ ತಾನಾಗಿ ಫೈಲಿನಿಂದ ಬರುತ್ತವೆ. ವಿದ್ಯಾರ್ಥಿ ತುಂಬುವುದು ಜೀವಿಯ ವಿವರ ಮಾತ್ರ. ಒಂದು ಪುಟದಲ್ಲಿ ಮುಗಿಯುತ್ತದೆ. ಮೊದಲು ಗೊಣಗಿದವರೇ ಈಗ ಹೊಸಬರಿಗೆ ಹೇಳಿಕೊಡುತ್ತಾರೆ.

ಇನ್ನೊಂದು ಕೆಲಸ ಗಾತ್ರದ್ದು. 2004ರಲ್ಲಿ ಹೈಡೆಲ್‌ಬರ್ಗಿನ ಇಎಂಬಿಎಲ್ ಸಂಸ್ಥೆಯಲ್ಲಿ ಬೆಳಕಿನ ತೆಳು ಹಾಳೆಯನ್ನು ಹಾಯಿಸಿ ಜೀವಂತ ಭ್ರೂಣವನ್ನು ಪದರ ಪದರವಾಗಿ ನೋಡುವ ಮೈಕ್ರೋಸ್ಕೋಪ್ ಬಂತು. ಅಂಥ ಯಂತ್ರ ಒಂದು ಪ್ರಯೋಗದಲ್ಲೇ ಟೆರಾಬೈಟ್ ಗಟ್ಟಲೆ ಚಿತ್ರ ಕೊಡಬಲ್ಲದು. ಅದನ್ನು ಇನ್ನೊಂದು ಊರಿಗೆ ಕಳಿಸುವುದು ಹೇಗೆ? ಪಾರ್ಸೆಲ್‌ನಲ್ಲಿ ಹಾರ್ಡ್ ಡಿಸ್ಕ್ ಕಳಿಸುವುದೇ ಬಹಳ ಕಡೆ ರೂಢಿ. ಒಎಂಇ-ಝಾರ್ ಎಂಬ ಹೊಸ ವಿಧಾನ ಚಿತ್ರವನ್ನು ಸಣ್ಣ ಸಣ್ಣ ತುಂಡು ಮಾಡಿ, ದೂರದ ನೋಟ, ಹತ್ತಿರದ ನೋಟ ಎಂದು ಬೇರೆ ಬೇರೆ ಮಟ್ಟದಲ್ಲಿ ಇಡುತ್ತದೆ. ನೀವು ಬ್ರೌಸರಿನಲ್ಲಿ ಯಾವ ಭಾಗ ನೋಡುತ್ತೀರೋ ಅಷ್ಟೇ ತುಂಡು ಇಳಿದು ಬರುತ್ತದೆ. ಇದರ ಬೆಳವಣಿಗೆಯಲ್ಲಿ ನಮ್ಮ ಜಾಲದವರ ಕೈ ದೊಡ್ಡದು. ಅದೇ ಮೀನಿನ ಹೃದಯವನ್ನು ಇಲ್ಲಿ ನಾನು, ಲೈಪ್‌ಜಿಗ್‌ನಲ್ಲಿ ಇನ್ನೊಬ್ಬರು, ಒಂದೇ ಹೊತ್ತಿಗೆ ನೋಡುತ್ತಾ ಫೋನಿನಲ್ಲಿ ಮಾತಾಡಿದೆವು. ಪೂರ್ತಿ ಫೈಲನ್ನು ಯಾರೂ ಡೌನ್‌ಲೋಡ್ ಮಾಡಿರಲಿಲ್ಲ.

ಇಷ್ಟೆಲ್ಲ ಯಾಕೆ ಎಂದು ಕೇಳುವವರಿಗೆ ನಾನು ಪ್ರೋಟೀನುಗಳ ಕಥೆ ಹೇಳುತ್ತೇನೆ. 1971ರಲ್ಲಿ ಪ್ರೋಟೀನುಗಳ ರಚನೆಯನ್ನು, ಅಂದರೆ ಆಕಾರವನ್ನು, ಕೂಡಿಡುವ ಪ್ರೋಟೀನ್ ಡೇಟಾ ಬ್ಯಾಂಕ್ ಶುರುವಾದಾಗ ಅದರಲ್ಲಿದ್ದದ್ದು 7 ರಚನೆ. ಲೋಕದ ಎಲ್ಲ ಕಡೆಯವರೂ ಒಂದೇ ಕ್ರಮದಲ್ಲಿ ತುಂಬುತ್ತಾ ಬಂದರು. ಈಗ ಅದು 2 ಲಕ್ಷ ದಾಟಿದೆ. ಆ ಕಣಜದಿಂದ ಕಲಿತೇ ಆಲ್ಫಾಫೋಲ್ಡ್ ಎಂಬ ಕೃತಕ ಬುದ್ಧಿಮತ್ತೆಯ ಪ್ರೋಗ್ರಾಂ ಪ್ರೋಟೀನಿನ ಆಕಾರ ಊಹಿಸಲು ಶಕ್ತವಾಯಿತು. ಅದನ್ನು ಮಾಡಿದ ಡೆಮಿಸ್ ಹಸಾಬಿಸ್, ಜಾನ್ ಜಂಪರ್ ಅವರಿಗೆ 2024ರ ರಸಾಯನಶಾಸ್ತ್ರದ ನೊಬೆಲ್‌ನಲ್ಲಿ ಪಾಲು ಬಂತು. ಐದು ದಶಕ ಬೇಸರವಿಲ್ಲದೆ ದಾಖಲೆ ಮಾಡಿದವರು ಇಲ್ಲದಿದ್ದರೆ ಆ ಯಂತ್ರಕ್ಕೆ ಕಲಿಯಲು ಏನಿರುತ್ತಿತ್ತು? ಜೀವಕೋಶದ ಚಿತ್ರಗಳಿಗೆ ಅಂಥ ಶಿಸ್ತು ಈಗಷ್ಟೇ ಬರುತ್ತಿದೆ. ಬೆಂಗಳೂರಿನ ಎನ್‌ಸಿಬಿಎಸ್, ಐಐಎಸ್‌ಸಿಯಲ್ಲೂ ಒಳ್ಳೆಯ ಮೈಕ್ರೋಸ್ಕೋಪುಗಳಿವೆ. ಅಲ್ಲಿ ಪಿಎಚ್‌ಡಿ ಮಾಡುತ್ತಾ ಇದನ್ನು ಓದುತ್ತಿರುವ ತಮ್ಮ, ತಂಗಿಯರಿಗೆ ನನ್ನದೊಂದು ಕೋರಿಕೆ. ಇವತ್ತು ತೆಗೆದ ಚಿತ್ರದ ವಿವರ ಇವತ್ತೇ ಬರೆಯಿರಿ. ನಾಳೆಗೆ ಇಡಬೇಡಿ.

ಹಾರ್ಡ್ ಡಿಸ್ಕಿನ ಮೀನುಗಳಿಗೆ ಆಮೇಲೆ ಏನಾಯಿತು ಎಂದರೆ, ತಾಳೆಯಾದ ಚಿತ್ರಗಳನ್ನೆಲ್ಲ ವಿವರ ಸಮೇತ ಯುರೋಪಿನ ಬಯೋಇಮೇಜ್ ಆರ್ಕೈವ್‌ಗೆ ಹಾಕಿದೆವು. ಅಲ್ಲಿಂದ ಯಾರು ಬೇಕಾದರೂ ತೆಗೆದುಕೊಳ್ಳಬಹುದು. ಹೃದಯದ ಜೀವಕೋಶಗಳನ್ನು ಎಣಿಸುವ ಪ್ರೋಗ್ರಾಂ ಬರೆಯುತ್ತಿದ್ದ, ನಾವು ಯಾರೂ ನೋಡಿರದ ಒಬ್ಬ ವಿದ್ಯಾರ್ಥಿನಿ ಅವನ್ನು ಬಳಸಿದಳು. ಅವಳಿಂದ ಒಂದು ಇಮೇಲ್ ಬಂತು. ಒಂದೇ ವಯಸ್ಸು ಎಂದು ಬರೆದಿರುವ ಮರಿಗಳಲ್ಲಿ ಕೆಲವು ಚಿಕ್ಕವಾಗಿ ಕಾಣುತ್ತವೆ, ಚಿತ್ರ ತೆಗೆಯುವಾಗ ನೀರು ಎಷ್ಟು ಬೆಚ್ಚಗಿತ್ತು? ಒಳ್ಳೆಯ ಪ್ರಶ್ನೆ. ಈ ಮೀನನ್ನು 28.5 ಡಿಗ್ರಿಯಲ್ಲಿ ಸಾಕುವುದು ವಾಡಿಕೆ. ತಣ್ಣಗಾದರೆ ಬೆಳವಣಿಗೆ ನಿಧಾನ. ಆಗ ಗಂಟೆ ಲೆಕ್ಕದ ವಯಸ್ಸು ಒಂದೇ ಇದ್ದರೂ ಹೃದಯ ಹಿಂದೆ ಬೀಳುತ್ತದೆ. ಲ್ಯಾಬ್ ಪುಸ್ತಕ ಮತ್ತೆ ತೆರೆದೆವು. ಆ ದಿನಗಳ ಪುಟದ ಅಂಚಿನಲ್ಲಿ ಪೆನ್ಸಿಲ್‌ನಲ್ಲಿ ಬರೆದಿತ್ತು: ಹೀಟರ್ ಕೆಟ್ಟಿದೆ, 24 ಡಿಗ್ರಿ. ಆ ಚಿತ್ರಗಳಿಗೆ ಅದನ್ನು ಸೇರಿಸಿ ಅವಳಿಗೆ ತಿಳಿಸಿದೆವು. ಮುಂದಿನ ಸಭೆಯಲ್ಲಿ ತಾಪಮಾನದ ಖಾನೆಯನ್ನು ಫಾರಂಗೆ ಹಾಕುವ ಮಾತು ಬಂದಾಗ ಈ ಸಲ ಯಾರೂ ವಾದ ಮಾಡಲಿಲ್ಲ.